ಕಾಲಿಗೆ ರಾಡ್ ಹಾಕಿದ್ಮೇಲೆ ಒಳಗೆ ಏನಾಗತ್ತೆ

ನನ್ನ ಟೇಬಲ್ ಡ್ರಾಯರಲ್ಲಿ ಒಂದು ಪ್ಲಾಸ್ಟಿಕ್ ಕವರ್ ಇದೆ, ಒಳಗೆ 32 ಸೆಂಟಿಮೀಟರ್ ಉದ್ದದ, ಬಾಲ್ ಪೆನ್ನಿನಷ್ಟು ದಪ್ಪದ ಒಂದು ಸ್ಟೀಲ್ ರಾಡು, ಜೊತೆಗೆ ನಾಲ್ಕು ಸ್ಕ್ರೂ. ಸುಮಾರು ಎರಡು ವರ್ಷ ಈ ರಾಡು ನನ್ನ ಬಲಗಾಲಿನ ಮೂಳೆ ಒಳಗಿತ್ತು. ಮಳೆ ಬಂದು ನಿಂತಿದ್ದ ರಸ್ತೇಲಿ ಬೈಕ್ ಸ್ಕಿಡ್ ಆಗಿ ಮಂಡಿ ಕೆಳಗಿನ ದೊಡ್ಡ ಮೂಳೆ, ಅಂದ್ರೆ ಟಿಬಿಯಾ, ಮಧ್ಯದಲ್ಲಿ ಎರಡಾಗಿತ್ತು. ಆಸ್ಪತ್ರೆಗೆ ನೋಡೋಕೆ ಬಂದ ಸೋದರಮಾವ ಎಕ್ಸ್‌ರೇನ ಕಿಟಕಿ ಬೆಳಕಿಗೆ ಹಿಡಿದು ನೋಡಿ "ಬಿಡೋ, ಒಳಗೆ ಕಬ್ಬಿಣ ಕೂತಿದೆ, ಇನ್ಮೇಲೆ ಲಾರಿ ಹತ್ತಿದ್ರೂ ಮುರಿಯಲ್ಲ" ಅಂದ್ರು. ಚಿಕ್ಕಮ್ಮ "ಪುತ್ತೂರು ಕಟ್ಟು ಹಾಕ್ಸಿದ್ರೆ ಆಪರೇಷನ್ನೇ ಬೇಕಿರ್ಲಿಲ್ಲ" ಅಂತ ಬೇಜಾರು ಮಾಡ್ಕೊಂಡ್ರು, ಆದ್ರೂ ಫ್ಲಾಸ್ಕಲ್ಲಿ ಕಾಲ್ ಸೂಪ್ ತಂದಿದ್ರು. ಮಾವ ಹೇಳಿದ್ದನ್ನ ನಾನೂ ನಂಬಿದ್ದೆ. ಆಮೇಲೆ ಮಲಗಿದ್ದಲ್ಲೇ ಅದೂ ಇದೂ ಓದ್ತಾ ಹೋದಾಗ ಗೊತ್ತಾಗಿದ್ದು, ವಿಷಯ ಪೂರ್ತಿ ಉಲ್ಟಾ ಅಂತ.

ಮೂಳೆನ ಕೂಡಿಸೋದು ರಾಡಲ್ಲ, ಮೂಳೆನೇ. ಮನೆ ಮೋಲ್ಡ್ ಹಾಕೋವಾಗ ಕೆಳಗೆ ಸೆಂಟ್ರಿಂಗ್ ಹೊಡೀತಾರಲ್ಲ, ಕಂಬ ಹಲಗೆ ಎಲ್ಲ ಕೊಟ್ಟು, ಕಾಂಕ್ರೀಟ್ ಗಟ್ಟಿ ಆಗೋ ತನಕ ಅಷ್ಟೇ ಅದರ ಕೆಲಸ, ಅಂಥದ್ದೇ ಇದು. ಮೂಳೆ ಮುರಿದ ಕೂಡ್ಲೇ ಅಲ್ಲಿ ರಕ್ತ ಸೋರಿ ಹೆಪ್ಪುಗಟ್ಟತ್ತೆ, ಆ ಹೆಪ್ಪೊಳಗೆ ಸಣ್ಣ ಸಣ್ಣ ರಕ್ತನಾಳ, ನಾರು ಬೆಳೀತವೆ, ಎರಡು ಮೂರು ವಾರದಲ್ಲಿ ಕಿವಿ ತುದಿ ಥರ ಮೆತ್ತಗಿರೋ ಮೃದ್ವಸ್ಥಿ ಬರತ್ತೆ, ಆಮೇಲೆ ಅದ್ರಲ್ಲಿ ಕ್ಯಾಲ್ಸಿಯಂ ಕೂತು ಗಟ್ಟಿ ಆಗತ್ತೆ. ಡಾಕ್ಟ್ರು ಎಕ್ಸ್‌ರೇ ನೋಡಿ "ಕ್ಯಾಲಸ್ ಬಂದಿದೆ" ಅನ್ನೋದು ಈ ಗಂಟಿಗೇ, ಮುರಿದ ಜಾಗದ ಸುತ್ತ ಮೋಡ ಕವಿದ ಹಾಗೆ ಮಸುಕಾಗಿ ಕಾಣತ್ತೆ. ಚರ್ಮ ಕುಯ್ದ್ರೆ ವಾಸಿಯಾದ್ಮೇಲೂ ಗಾಯದ ಕಲೆ ಉಳಿಯತ್ತೆ, ಮೂಳೆ ಹಾಗಲ್ಲ, ಮುರಿದ ಜಾಗದಲ್ಲಿ ಮತ್ತೆ ಅಸಲಿ ಮೂಳೆನೇ ಹುಟ್ಟತ್ತೆ. ಅದಕ್ಕೆ ಬೇಕಾಗಿರೋದು ಎರಡೇ: ರಕ್ತ ಓಡಾಡ್ಬೇಕು, ತುಂಡುಗಳು ಜಾಗ ಬಿಟ್ಟು ಅಲ್ಲಾಡ್ಬಾರ್ದು. ಆದ್ರೆ ಎಷ್ಟು ಅಲ್ಲಾಡ್ಬಾರ್ದು ಅನ್ನೋ ಪ್ರಶ್ನೆಗೆ ಉತ್ತರ ಹುಡುಕೋದ್ರಲ್ಲೇ ಡಾಕ್ಟ್ರುಗಳು ನೂರು ವರ್ಷ ಕಳೆದ್ರು ಅಂದ್ರೆ ತಪ್ಪಿಲ್ಲ.

ಮೂಳೆ ಮೇಲೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹೊಡೆಯೋ ಐಡಿಯಾ ಹಳೇದು. 1886ರಲ್ಲಿ ಹ್ಯಾಂಬರ್ಗಿನ ಕಾರ್ಲ್ ಹಾನ್ಸ್‌ಮನ್ ಪ್ಲೇಟ್ ಹಾಕೋದರ ಬಗ್ಗೆ ಬರೆದಿದ್ದ, ಅವನ ಪ್ಲೇಟಿನ ಒಂದು ತುದಿ ಚರ್ಮದಿಂದ ಹೊರಗೇ ಚಾಚಿಕೊಂಡಿರ್ತಿತ್ತು, ಆಮೇಲೆ ಎಳೆದು ತೆಗೆಯೋಕೆ ಸುಲಭ ಆಗ್ಲಿ ಅಂತ! ಇಂಗ್ಲೆಂಡಲ್ಲಿ ಆರ್ಬತ್‌ನಾಟ್ ಲೇನ್ ಸ್ಟೀಲ್ ಪ್ಲೇಟ್ ಹಾಕಿದ, ಅವು ತುಕ್ಕು ಹಿಡಿದ್ವು, ಮುರಿದ್ವು. ನಮ್ಮ ಮೈಯೊಳಗಿರೋದು ಉಪ್ಪುನೀರು ಅನ್ನೋದನ್ನ ಮರೀಬೇಡಿ, ಕಡಲ ತೀರದಲ್ಲಿ ಮನೆ ಇರೋರಿಗೆ ಗೇಟಿನ ಗತಿ ಏನಾಗತ್ತೆ ಅಂತ ಗೊತ್ತಿರತ್ತೆ. ಅದೂ ಸಾಲದು ಅಂತ ಒಂದು ಲೋಹದ ಪ್ಲೇಟಿಗೆ ಇನ್ನೊಂದು ಲೋಹದ ಸ್ಕ್ರೂ ಹಾಕಿದ್ರೆ ಉಪ್ಪುನೀರಲ್ಲಿ ಎರಡೂ ಸೇರಿ ಸಣ್ಣ ಬ್ಯಾಟರಿನೇ ಆಗ್ಬಿಡತ್ತೆ, ಕರೆಂಟು ಹರಿದು ಲೋಹ ಕರಗತ್ತೆ, ಸುತ್ತಲ ಮೂಳೆ ಸವೆಯತ್ತೆ. 1930ರ ದಶಕದಲ್ಲಿ ಅಮೆರಿಕದ ವೆನಬಲ್ ಮತ್ತು ಸ್ಟಕ್ ಇದನ್ನ ಪ್ರಯೋಗ ಮಾಡಿ ತೋರಿಸಿದ್ರು. ಇವತ್ತಿಗೂ ಸ್ಟೀಲ್ ಪ್ಲೇಟಿಗೆ ಟೈಟಾನಿಯಂ ಸ್ಕ್ರೂ ಬೆರೆಸಬೇಡಿ ಅನ್ನೋದು ಅದಕ್ಕೇ. ಈಗ ಹಾಕೋ ಸ್ಟೀಲಿನ ಹೆಸರು 316ಎಲ್, ಕ್ರೋಮಿಯಂ, ನಿಕಲ್, ಸ್ವಲ್ಪ ಮಾಲಿಬ್ಡಿನಂ ಇರತ್ತೆ. ಕ್ರೋಮಿಯಂ ಮೇಲ್ಗಡೆ ಕೆಲವೇ ನ್ಯಾನೋಮೀಟರಿನ ಆಕ್ಸೈಡ್ ಪದರ ಕಟ್ಟತ್ತೆ, ಕಣ್ಣಿಗೆ ಕಾಣಲ್ಲ, ಗೀರಿದ್ರೆ ಮತ್ತೆ ತಾನೇ ಕಟ್ಕೊಳತ್ತೆ. ಎರಡು ವರ್ಷ ಮೈಯೊಳಗಿದ್ದು ಬಂದ ನನ್ನ ರಾಡು ಅಡುಗೆಮನೆ ಲೋಟಕ್ಕಿಂತ ಹೊಳೀತಿದೆ.

ಇನ್ನು ರಾಡಿನ ಕಥೆ. ತೊಡೆ ಮೂಳೆ ಮುರಿದ್ರೆ ಮೊದ್ಲೆಲ್ಲ ಕಾಲಿಗೆ ಹಗ್ಗ ಕಟ್ಟಿ, ಮಂಚದ ತುದೀಲಿ ರಾಟೆ ಹಾಕಿ, ತೂಕ ನೇತುಹಾಕಿ ಎರಡು ಮೂರು ತಿಂಗಳು ಮಲಗಿಸ್ತಿದ್ರು. 1939ರಲ್ಲಿ ಜರ್ಮನಿಯ ಕೀಲ್ ಊರಿನ ಗೆರ್ಹಾರ್ಡ್ ಕ್ಯೂಂಚರ್ ಅನ್ನೋ ಸರ್ಜನ್, ಉದ್ದ ಮೂಳೆಗಳು ಒಳಗೆ ಪೊಳ್ಳು ತಾನೇ, ಆ ಪೊಳ್ಳೊಳಗೇ ಒಂದು ಮೊಳೆ ಇಳಿಸಿದ್ರೆ ಹೇಗೆ ಅಂದ. ಮಟನ್ ತಿನ್ನೋರಿಗೆ ನಲ್ಲಿ ಮೂಳೆ ಗೊತ್ತಲ್ಲ, ಹೀರಿ ತಿಂತೀವಲ್ಲ ಆ ಮಜ್ಜೆ ಇರೋ ಕೊಳವೆನೇ. ಅವನ ಮೊಳೆ ಆಮೇಲೆ ಪಡ್ಕೊಂಡ ಆಕಾರ ಅಡ್ಡ ಕುಯ್ದು ನೋಡಿದ್ರೆ ಬಿಲ್ವಪತ್ರೆ ಥರ ಮೂರೆಲೆ. ಹೊಡೆಯೋವಾಗ ಸ್ವಲ್ಪ ಕುಗ್ಗಿ ಒಳಗೆ ಹೋಗಿ, ಹೋದ್ಮೇಲೆ ಸ್ಪ್ರಿಂಗಿನ ಹಾಗೆ ಅರಳಿ ಗೋಡೆಗೆ ಒತ್ಕೊಳ್ತಿತ್ತು. 1940ರಲ್ಲಿ ಬರ್ಲಿನ್‌ನಲ್ಲಿ ಸರ್ಜನ್‌ಗಳ ಮುಂದೆ ಇದನ್ನ ಇಟ್ಟಾಗ ತುಂಬ ಜನ ಒಪ್ಪಲಿಲ್ಲ, ಮಜ್ಜೆನೇ ಹಾಳು ಮಾಡಿದ್ರೆ ಮೂಳೆ ಹೇಗೆ ಕೂಡತ್ತೆ ಅನ್ನೋದು ಅವರ ವಾದ, ವಾದದಲ್ಲಿ ಹುರುಳೂ ಇತ್ತು. ಆದ್ರೆ ಮೂಳೆಗೆ ಹೊರಗಿನ ಪೊರೆಯಿಂದಲೂ ರಕ್ತ ಬರತ್ತೆ, ಒಳಗಿನ ದಾರಿ ಮುಚ್ಚಿದ್ರೆ ಅದು ಜಾಸ್ತಿ ಕೆಲಸ ಮಾಡತ್ತೆ, ಒಳಗಿನ ರಕ್ತನಾಳಗಳೂ ನಿಧಾನಕ್ಕೆ ಮತ್ತೆ ಬೆಳೀತವೆ.

ಯುದ್ಧ ನಡೀತಿತ್ತಲ್ಲ, ಜರ್ಮನಿಯ ಎದುರಾಳಿ ದೇಶಗಳಿಗೆ ಸುದ್ದಿ ಅಷ್ಟಾಗಿ ಹೋಗ್ಲಿಲ್ಲ. ಜರ್ಮನ್ನರ ಸೆರೆಯಿಂದ ವಾಪಸ್ ಬಂದ ಸೈನಿಕರ ತೊಡೆ ಎಕ್ಸ್‌ರೇ ತೆಗೆದಾಗ ಒಳಗೆ ಉದ್ದಕ್ಕೆ ಒಂದು ಲೋಹದ ಸಲಾಕೆ ಕಂಡು ಆ ಕಡೆ ಡಾಕ್ಟ್ರುಗಳು ಬೆಚ್ಚಿಬಿದ್ರಂತೆ. ಆಸಾಮಿ ಮಾತ್ರ ನಡ್ಕೊಂಡೇ ಬಂದಿದ್ದ. 1945ರಲ್ಲಿ ಟೈಮ್ ಪತ್ರಿಕೆ ಕೂಡ ಈ ವಿಚಿತ್ರ ತೊಡೆಮೂಳೆ ಬಗ್ಗೆ ಬರೀತು.

ಕ್ಯೂಂಚರ್ ಮೊಳೆಗೆ ಒಂದು ಕೊರತೆ ಇತ್ತು. ಮೂಳೆ ಮಧ್ಯದಲ್ಲಿ ನೀಟಾಗಿ ಎರಡಾಗಿದ್ರೆ ಸರಿ, ಪುಡಿಪುಡಿ ಆಗಿದ್ರೆ ಕಾಲು ರಾಡಿನ ಸುತ್ತ ತಿರುಗ್ತಿತ್ತು, ಇಲ್ಲ ಕುಸಿದು ಗಿಡ್ಡ ಆಗ್ತಿತ್ತು. ಅದಕ್ಕೆ ರಾಡಿನ ಎರಡೂ ತುದೀಲಿ ತೂತು ಮಾಡಿ, ಮೂಳೆ ಹೊರಗಿಂದ ಅಡ್ಡಡ್ಡ ಸ್ಕ್ರೂ ತೂರಿಸಿ ಲಾಕ್ ಮಾಡೋದು 1970ರ ದಶಕದಲ್ಲಿ ಚಾಲ್ತಿಗೆ ಬಂತು, ನಮ್ಮ ಡಾಕ್ಟ್ರುಗಳು ಇಂಟರ್‌ಲಾಕಿಂಗ್ ನೇಲ್ ಅನ್ನೋದು ಇದನ್ನೇ.

ನನಗೆ ಸೊಂಟಕ್ಕೆ ಇಂಜೆಕ್ಷನ್ ಕೊಟ್ಟು ಮಾಡಿದ್ದು, ಎಚ್ಚರ ಇತ್ತು, ನೋವಿಲ್ಲ, ಆದ್ರೆ ಕಿವಿ ಕೇಳಿಸ್ತಿತ್ತು. ಮಂಡಿ ಚಿಪ್ಪಿನ ಕೆಳಗೆ ಸಣ್ಣದಾಗಿ ಕುಯ್ದು, ದಬ್ಬಳದ ಥರದ್ದೇನೋ ಚುಚ್ಚಿ ದಾರಿ ಮಾಡಿ, ಉದ್ದ ತಂತಿ ಇಳಿಸಿ, ಆ ತಂತಿ ಮೇಲೆ ಡ್ರಿಲ್ ಓಡಿಸಿ ಕೊಳವೆ ಅಗಲ ಮಾಡಿ, ಕೊನೆಗೆ ರಾಡನ್ನ ಸುತ್ತಿಗೇಲಿ ಟಣ್ ಟಣ್ ಅಂತ ಹೊಡೆದ್ರು, ಪ್ರತಿ ಏಟಿಗೂ ನನ್ನ ಇಡೀ ಮೈ ಟೇಬಲ್ ಮೇಲೆ ಜರುಗ್ತಿತ್ತು, ಪಕ್ಕದ ಮನೇಲಿ ಬಡಗಿ ಕೆಲಸ ನಡೀತಿದೆಯೇನೋ ಅನ್ನೋ ಹಾಗೆ. ಅಷ್ಟೆಲ್ಲ ಬೇಗ ಮುಗೀತು, ತುಂಬ ಹೊತ್ತು ಹಿಡಿದಿದ್ದು ಕೆಳಗಿನ ಸ್ಕ್ರೂಗಳು. ಯಾಕಂದ್ರೆ ರಾಡು ಮೂಳೆಯೊಳಗೆ ಮುಚ್ಕೊಂಡಿದೆ, ಅದರ ತೂತು ಎಲ್ಲಿದೆ ಅಂತ ಹೊರಗಿಂದ ಹೇಗೆ ಗೊತ್ತಾಗ್ಬೇಕು? ಅದಕ್ಕೆ ಸಿ-ಆರ್ಮ್ ಅನ್ನೋ ಓಡಾಡೋ ಎಕ್ಸ್‌ರೇ ಮಷೀನನ್ನ ಅತ್ತಿತ್ತ ತಿರುಗಿಸ್ತಾರೆ. ಓರೆಯಾಗಿ ನೋಡಿದ್ರೆ ತೂತು ಮೊಟ್ಟೆ ಥರ ಕಾಣತ್ತೆ, ಸರಿಯಾಗಿ ನೇರ ನೋಡಿದಾಗ ಮಾತ್ರ ಗುಂಡಗೆ ಚಂದ್ರನ ಹಾಗೆ ಕಾಣತ್ತೆ. ಗುಂಡಗೆ ಆದ ಕ್ಷಣ ಮಷೀನ್ ನಿಲ್ಲಿಸಿ, ಡ್ರಿಲ್ ತುದಿನ ಆ ವೃತ್ತದ ಮಧ್ಯಕ್ಕಿಟ್ಟು ನೇರ ಕೊರೀಬೇಕು. "ಇನ್ನೂ ಸ್ವಲ್ಪ ತಿರುಗ್ಸಮ್ಮ, ಇನ್ನೂ ಸ್ವಲ್ಪ, ಹಾಂ ಸಾಕು ಸಾಕು" ಅಂತ ಡಾಕ್ಟ್ರು ಟೆಕ್ನಿಷಿಯನ್ನಿಗೆ ಹೇಳ್ತಿದ್ದಿದ್ದು ನನಗಿನ್ನೂ ನೆನಪಿದೆ. ಇಷ್ಟೆಲ್ಲ ಮಷೀನ್ ಇದ್ರೂ ಕೊನೆಗೆ ಕಣ್ಣಂದಾಜು ಮತ್ತು ಕೈ.

ಈಗ ಎಷ್ಟು ಬಿಗಿ ಇರ್ಬೇಕು ಅನ್ನೋ ಪ್ರಶ್ನೆಗೆ ಬರ್ತೀನಿ, ನನ್ನ ಪ್ರಕಾರ ಈ ಇಡೀ ವಿಷಯದಲ್ಲಿ ತುಂಬ ಚೆನ್ನಾಗಿರೋದು ಇದೇ. ಬೆಲ್ಜಿಯಂನ ರಾಬರ್ಟ್ ಡಾನಿಸ್ 1949ರ ತನ್ನ ಪುಸ್ತಕದಲ್ಲಿ, ಎರಡು ತುಂಡುಗಳನ್ನ ಕೂದಲೆಳೆ ಸಂದೂ ಇಲ್ಲದ ಹಾಗೆ ಒತ್ತಿ ಹಿಡಿದ್ರೆ ಕ್ಯಾಲಸ್ ಗಂಟೇ ಬರದೆ ಮೂಳೆ ನೇರವಾಗಿ ಬೆಸ್ಕೊಳತ್ತೆ ಅಂತ ತೋರಿಸಿದ. ಅದನ್ನ ಹಿಡ್ಕೊಂಡು 1958ರಲ್ಲಿ ಸ್ವಿಟ್ಜರ್ಲೆಂಡಲ್ಲಿ ಮಾರಿಸ್ ಮುಲ್ಲರ್ ಮತ್ತು ಜೊತೆಯವರು, ಒಟ್ಟು 13 ಜನ ಸರ್ಜನ್‌ಗಳು, ಎಓ ಅನ್ನೋ ಗುಂಪು ಕಟ್ಟಿದ್ರು. ಇವತ್ತು ಲೋಕದ ಎಲ್ಲ ಕಡೆ ಮೂಳೆ ಡಾಕ್ಟ್ರುಗಳು ಇವರ ಪಾಠ ಓದೇ ಬಂದಿರ್ತಾರೆ. ಇವರ ಒಂದು ಪ್ಲೇಟಿನ ತೂತು ಗುಂಡಗಿಲ್ಲ, ಉದ್ದುದ್ದ ಇದೆ, ಒಳಗೆ ಇಳಿಜಾರು. ಸ್ಕ್ರೂ ಬಿಗಿ ಮಾಡ್ತಾ ಹೋದ ಹಾಗೆ ಅದರ ತಲೆ ಇಳಿಜಾರಲ್ಲಿ ಜಾರಿ ಮೂಳೆನ ಇನ್ನೊಂದು ತುಂಡಿನ ಕಡೆ ತಳ್ಳತ್ತೆ, ಬೇರೆ ಯಾವ ಉಪಕರಣವೂ ಬೇಡ. ಇಂಥ ಸಣ್ಣ ಉಪಾಯ ನೋಡಿದ್ರೆ ನನಗೆ ಖುಷಿ ಆಗತ್ತೆ.

ಆದ್ರೆ ಬಿಗಿ ಮಾಡಿದ್ದೇ ಮಾಡಿದ್ದು, ಬೇರೆ ತಲೆನೋವು ಶುರುವಾಯ್ತು. ಪ್ಲೇಟ್ ತೆಗೆದ್ಮೇಲೆ ಕೆಲವರಿಗೆ ಮೂಳೆ ಮತ್ತೆ ಮುರೀತು. ನೋಡಿದ್ರೆ ಪ್ಲೇಟಿನ ಕೆಳಗಿನ ಮೂಳೆ ಸ್ಪಂಜಿನ ಹಾಗೆ ಟೊಳ್ಳಾಗಿತ್ತು. ಮೂಳೆ ಒಂಥರಾ ಸೋಮಾರಿ, ಭಾರ ಬಿದ್ರೆ ಬಲಿಯತ್ತೆ, ಭಾರ ಇಲ್ಲ ಅಂದ್ರೆ ಸವೆಯತ್ತೆ. ಸ್ಟೀಲಿನ ಬಿಗಿ, ಅಂದ್ರೆ ಬಾಗದೆ ಎದುರು ನಿಲ್ಲೋ ಗುಣ, ಸುಮಾರು 190 ಗಿಗಾಪಾಸ್ಕಲ್ (ಅದನ್ನ ಅಳೆಯೋ ಮಾನ), ಗಟ್ಟಿ ಮೂಳೆದು 20ರ ಒಳಗೆ, ಹಾಗಾಗಿ ಭಾರನೆಲ್ಲ ಪ್ಲೇಟೇ ಹೊತ್ಕೊಂಡು ಮೂಳೆಗೆ ಕೆಲಸನೇ ಇಲ್ಲ. ಟೈಟಾನಿಯಂ ಸುಮಾರು 110, ಅದಕ್ಕೇ ಅದು ಸ್ವಲ್ಪ ವಾಸಿ. ಎಓ ಗುಂಪಿನ ಸಂಶೋಧಕ ಸ್ಟೀಫನ್ ಪೆರೆನ್ ಮತ್ತು ಜೊತೆಯವರು ಇನ್ನೂ ಒಂದು ಕಾರಣ ಹೇಳಿದ್ರು, ಪ್ಲೇಟ್ ಅಮರಿಕೊಂಡು ಕೂತ ಜಾಗದಲ್ಲಿ ಮೂಳೆಯ ಹೊರಪೊರೆಗೆ ರಕ್ತ ಹೋಗೋದು ನಿಲ್ಲತ್ತೆ ಅಂತ. ಆಮೇಲೆ ಪ್ಲೇಟಿನ ಹೊಟ್ಟೇಲಿ ಹಳ್ಳ ಕೊರೆದು ಕಡಿಮೆ ತಾಗೋ ಹಾಗೆ ಮಾಡಿದ್ರು.

ಇದೇ ಪೆರೆನ್ ಒಂದು ಸರಳ ಲೆಕ್ಕ ಕೊಟ್ಟಿದಾನೆ. ತುಂಡುಗಳ ನಡುವಿನ ಸಂದು ಎಷ್ಟು, ಆ ಸಂದು ಎಷ್ಟು ಅಲ್ಲಾಡತ್ತೆ, ಅಲ್ಲಾಟನ ಸಂದಿನ ಅಗಲದಿಂದ ಭಾಗಿಸಿ. ಸಂದು 1 ಮಿಲಿಮೀಟರ್, ಅಲ್ಲಾಟನೂ 1 ಮಿಲಿಮೀಟರ್ ಅಂದ್ರೆ 100 ಪರ್ಸೆಂಟ್, ಅಲ್ಲಿ ಮೂಳೆ ಕಣ ಬದುಕಲ್ಲ. ಗಟ್ಟಿ ಮೂಳೆ ತಡ್ಕೊಳ್ಳೋದು ಸುಮಾರು 2 ಪರ್ಸೆಂಟ್ ಅಷ್ಟೇ, ಮೃದ್ವಸ್ಥಿ ಸುಮಾರು 10, ಮೊದಮೊದಲ ಮೆತ್ತನೆ ಅಂಗಾಂಶ 100ರ ತನಕ. ಹಾಗಾಗಿ ಮೊದ್ಲು ಮೆತ್ತಗಿರೋದು ಬಂದು ಅಲ್ಲಾಟ ಕಡಿಮೆ ಮಾಡತ್ತೆ, ಆಗ ಅದಕ್ಕಿಂತ ಗಟ್ಟಿದು ಬರೋಕೆ ಜಾಗ ಆಗತ್ತೆ, ಅದು ಇನ್ನೂ ಕಡಿಮೆ ಮಾಡತ್ತೆ. ಹಾಲು ಹೆಪ್ಪಾಗಿ ಮೊಸರಾಗೋ ಹಾಗೆ ಒಂದೇ ಸಲ ಎಲ್ಲ ಆಗಲ್ಲ, ಮೆಟ್ಟಿಲು ಹತ್ತಿದ ಹಾಗೆ. ಇನ್ನೊಂದು ಮಜಾ ಅಂದ್ರೆ ಮೂಳೆ ಹತ್ತು ಚೂರಾಗಿದ್ರೆ ಒಟ್ಟು ಅಲ್ಲಾಟ ಹತ್ತು ಸಂದಿಗೆ ಹಂಚಿಹೋಗತ್ತೆ, ಹಾಗಾಗಿ ಪುಡಿಯಾದ ಮೂಳೆಗೆ ಸ್ವಲ್ಪ ಬಾಗೋ ರಾಡು ಹಾಕಿದ್ರೂ ಚೆನ್ನಾಗಿ ಕೂಡತ್ತೆ, ಆದ್ರೆ ನೀಟಾಗಿ ಎರಡಾದ ಮೂಳೆನ ಸಡಿಲ ಬಿಟ್ರೆ ಎಲ್ಲ ಅಲ್ಲಾಟನೂ ಆ ಒಂದು ಗೆರೆ ಮೇಲೇ ಬೀಳತ್ತೆ.

ನನಗೆ ನಾಲ್ಕನೇ ತಿಂಗಳಲ್ಲಿ ಕ್ಯಾಲಸ್ ಸರಿಯಾಗಿ ಬಂದಿರ್ಲಿಲ್ಲ. ಡಾಕ್ಟ್ರು ಎಕ್ಸ್‌ರೇ ನೋಡಿ "ಮೇಲ್ಗಡೆ ಒಂದು ಸ್ಕ್ರೂ ತೆಗೆದ್ಬಿಡೋಣ" ಅಂದ್ರು. ಕೂಡೇ ಇಲ್ಲ, ಇರೋ ಸ್ಕ್ರೂನೂ ತೆಗೀತೀವಿ ಅಂತಾರಲ್ಲ ಅಂತ ನನಗೆ ಗಾಬರಿ. ಅವರು ರಾಡಿನ ಚಿತ್ರ ಬಿಡಿಸಿ ತೋರಿಸಿದ್ರು: ಮೇಲಿನ ಎರಡು ತೂತಲ್ಲಿ ಒಂದು ಗುಂಡಗೆ, ಒಂದು ಉದ್ದುದ್ದ. ಗುಂಡನೇ ತೂತಿನ ಸ್ಕ್ರೂ ತೆಗೆದ್ರೆ ಉಳಿದಿದ್ದು ಉದ್ದ ತೂತಲ್ಲಿ ಕೆಲವು ಮಿಲಿಮೀಟರ್ ಜಾರತ್ತೆ, ಆಗ ಹೆಜ್ಜೆ ಇಟ್ಟಾಗೆಲ್ಲ ಮೂಳೆ ತುಂಡುಗಳು ಒಂದನ್ನೊಂದು ಒತ್ತುತ್ವೆ, ಆ ಒತ್ತಡಕ್ಕೆ ಮೂಳೆ ಎಚ್ಚರ ಆಗತ್ತೆ. "ನಡೀರಿ, ಭಾರ ಹಾಕಿ, ಸಿಗರೇಟ್ ಇದ್ರೆ ಬಿಡಿ" ಅಂದ್ರು, ಹೊಗೆ ರಕ್ತದ ಓಡಾಟ ಕಡಿಮೆ ಮಾಡಿ ಮೂಳೆ ಕೂಡೋದನ್ನ ನಿಧಾನ ಮಾಡತ್ತೆ. ಎರಡು ತಿಂಗಳು ಬಿಟ್ಟು ತೆಗೆದ ಎಕ್ಸ್‌ರೇಲಿ ಆ ಮೋಡ ಕಾಣಿಸ್ತು.

ಮಾವನ ಲಾರಿ ಮಾತಿಗೆ ವಾಪಸ್ ಬರ್ತೀನಿ. ಬೈಂಡಿಂಗ್ ವೈರನ್ನ ಕೈಯಲ್ಲಿ ಎಳೆದು ಕಿತ್ತು ಹಾಕೋಕೆ ಆಗಲ್ಲ, ಆದ್ರೆ ಒಂದೇ ಜಾಗದಲ್ಲಿ ಆಕಡೆ ಈಕಡೆ ಬಗ್ಗಿಸ್ತಾ ಹೋದ್ರೆ ಪಟ್ ಅಂತ ತುಂಡಾಗತ್ತೆ. ದಿನಕ್ಕೆ 6000 ಹೆಜ್ಜೆ ಅಂದ್ಕೊಂಡ್ರೆ ಒಂದು ಕಾಲಿಗೆ 3000, ವರ್ಷಕ್ಕೆ ಹತ್ತಿರ ಹತ್ತಿರ 11 ಲಕ್ಷ ಸಲ ರಾಡು ಸ್ವಲ್ಪ ಸ್ವಲ್ಪವೇ ಬಾಗಿ ನೇರ ಆಗತ್ತೆ. ಮೂಳೆ ಕೂಡಿದ್ರೆ ಭಾರ ಅದಕ್ಕೆ ಹೋಗಿ ರಾಡು ಆರಾಮ, ಕೂಡದೇ ಇದ್ರೆ ಒಂದಲ್ಲ ಒಂದು ದಿನ ರಾಡು ಮುರಿಯತ್ತೆ, ಸಾಮಾನ್ಯವಾಗಿ ಮುರಿತದ ಹತ್ತಿರ ಇಲ್ಲ ಸ್ಕ್ರೂ ತೂತಿನ ಹತ್ತಿರ. ಮೂಳೆ ಮೊದ್ಲು ಕೂಡತ್ತೋ ಲೋಹ ಮೊದ್ಲು ದಣಿಯತ್ತೋ ಅನ್ನೋ ಪಂದ್ಯ ಅದು. ರಾಡ್ ಮುರೀತು ಅಂದ ಕೂಡ್ಲೇ "ಡೂಪ್ಲಿಕೇಟ್ ಹಾಕಿದಾರೆ" ಅಂತ ಜಗಳ ತೆಗೆಯೋರು ಈ ಲೆಕ್ಕ ಒಂದ್ಸಲ ನೋಡೋದು ಒಳ್ಳೇದು, ಎಷ್ಟೋ ಸಲ ಸೋತಿರೋದು ರಾಡಲ್ಲ, ಮೂಳೆ ಕೂಡಿರಲ್ಲ.

ಕೂಡಿದ್ಮೇಲೆ ತೆಗೀಲೇಬೇಕು ಅಂತಿಲ್ಲ, ದೊಡ್ಡೋರಿಗೆ ತೊಂದ್ರೆ ಕೊಡದೇ ಇದ್ರೆ ಹಾಗೇ ಬಿಡ್ತಾರೆ. ಎಂಆರ್‌ಐಗೂ ಈ ಸ್ಟೀಲು, ಟೈಟಾನಿಯಂ ಸಾಮಾನ್ಯವಾಗಿ ಅಡ್ಡಿ ಇಲ್ಲ, ಆದ್ರೆ ಮೊದ್ಲೇ ಹೇಳ್ಬೇಕು, ಲೋಹದ ಸುತ್ತ ಚಿತ್ರ ಸ್ವಲ್ಪ ಕಲಸಿದ ಹಾಗೆ ಬರತ್ತೆ. ನನಗೆ ಮಂಡಿ ಊರಿ ಕೂತ್ರೆ ರಾಡಿನ ತಲೆ ಚುಚ್ತಿತ್ತು, ಅದಕ್ಕೆ ತೆಗೆಸಿದೆ. ತೆಗೆದ್ಮೇಲೆ ಡಾಕ್ಟ್ರು ಹೇಳಿದ್ದು, ಕೆಲವು ವಾರ ಓಡ್ಬೇಡಿ, ಜಿಗೀಬೇಡಿ, ಸ್ಕ್ರೂ ಇದ್ದ ತೂತುಗಳೇ ಈಗ ಮೂಳೆಯ ವೀಕ್ ಪಾಯಿಂಟು, ತುಂಬ್ಕೊಳ್ಳೋಕೆ ಟೈಮ್ ಬೇಕು ಅಂತ. ಡ್ರಾಯರಲ್ಲಿರೋ ನಾಲ್ಕು ಸ್ಕ್ರೂಗಳಲ್ಲಿ ಮೂರರ ತಲೆ ಬಿಚ್ಚೋವಾಗ ಸವೆದು ಗೀರುಗೀರಾಗಿದೆ, ನಾಲ್ಕನೇ ತಿಂಗಳಲ್ಲೇ ಹೊರಗೆ ಬಂದಿದ್ದ ಒಂದು ಮಾತ್ರ ಹೊಸದರ ಹಾಗಿದೆ. ಮೊನ್ನೆ ಮಾವ ಬಂದಾಗ ಅದನ್ನ ಕೈಲಿ ಹಿಡಿದು "ಇದು ಯಾವ್ ನಂಬರ್ ಸ್ಕ್ರೂನೋ, ಬಾಗಿಲ ಚಿಲಕಕ್ಕೆ ಆಗತ್ತಾ" ಅಂತ ಕೇಳಿದ್ರು.