ಓದುಗರ ಪ್ರಶ್ನೆ: ಇಂಗ್ಲಿಷ್ ಪಾಠದ ಉತ್ತರ ಗೈಡಿನಲ್ಲಿ ಇದ್ದ ಹಾಗೇ ಬರೀಬೇಕಾ?

ಪ್ರಶ್ನೆ: "ಮೇಡಂ, ನಮ್ಮ ಮಗಳು ಈ ವರ್ಷ ಎಸ್ಸೆಸ್ಸೆಲ್ಸಿ. ಕನ್ನಡ ಮಾಧ್ಯಮ. ಇಂಗ್ಲಿಷ್ ಪಾಠ, ಪದ್ಯದ ಪ್ರಶ್ನೋತ್ತರ ಎಲ್ಲ ಗೈಡ್ ಇಟ್ಟುಕೊಂಡು ಬಾಯಿಪಾಠ ಮಾಡ್ತಿದ್ದಾಳೆ. ಗೈಡಿನಲ್ಲಿ ಇದ್ದ ಹಾಗೇ ಬರೆಯದೆ ಸ್ವಂತ ಇಂಗ್ಲಿಷಿನಲ್ಲಿ ಬರೆದರೆ ಮಾರ್ಕ್ಸ್ ಕಟ್ ಮಾಡ್ತಾರಂತೆ. ನಿಜವಾ?"

ಇಲ್ಲ. ನಿಜ ಅಲ್ಲ.

ಈ ಉತ್ತರವನ್ನು ನಾನು ಡಿಸೆಂಬರ್ ಹೊತ್ತಿಗೆ ಹೇಳಲು ಶುರು ಮಾಡಿದರೆ ಪ್ರಿಪರೇಟರಿ, ಅಂದರೆ ಮುಖ್ಯ ಪರೀಕ್ಷೆಗೆ ಮುಂಚಿನ ಅಭ್ಯಾಸ ಪರೀಕ್ಷೆ, ಮುಗಿಯುವವರೆಗೂ ಹೇಳುತ್ತಲೇ ಇರುತ್ತೇನೆ. ಪೋಷಕರ ಸಭೆಯಲ್ಲಿ ಹೇಳಿದ್ದೇನೆ, ಬಸ್ ಸ್ಟ್ಯಾಂಡಿನಲ್ಲಿ ಹೇಳಿದ್ದೇನೆ, ಸೊಪ್ಪು ಕೊಳ್ಳುವಾಗ ಸೊಪ್ಪಿನವರಿಗೂ ಹೇಳಿದ್ದೇನೆ, ಅವರ ಮಗನೂ ಹತ್ತನೇ ಕ್ಲಾಸು. ಎಲ್ಲರೂ ತಲೆ ಆಡಿಸುತ್ತಾರೆ. ಮನೆಗೆ ಹೋದ ಮೇಲೆ ಮತ್ತೆ ಅದೇ ಗೈಡು, ಅದೇ ಉರು. ಹಾಗಾಗಿ ಈ ಸಲ ಪೂರ್ತಿ ಬರೆದುಬಿಡುತ್ತೇನೆ. ಯಾರಾದರೂ ಕೇಳಿದರೆ ಇದನ್ನೇ ಓದಲು ಕೊಡಿ.

ಮೊದಲು, ಉತ್ತರ ಪತ್ರಿಕೆ ತಿದ್ದುವ ಜಾಗದಲ್ಲಿ ಏನು ನಡೆಯುತ್ತದೆ ಅಂತ ನೋಡಿ. ಮೌಲ್ಯಮಾಪನಕ್ಕೆ ಕೂತ ಟೀಚರ್ ಮುಂದೆ ಗೈಡ್ ಇರುವುದಿಲ್ಲ. ಬೋರ್ಡ್ ಕೊಟ್ಟ ಕೀ ಆನ್ಸರ್ ಇರುತ್ತದೆ. ಅದರಲ್ಲಿ ಒಂದೊಂದು ಪ್ರಶ್ನೆಗೆ ಯಾವ ಯಾವ ಅಂಶ ಬರಬೇಕು ಅಂತ ಇರುತ್ತದೆ, ಜೊತೆಗೆ ಸರಿಹೊಂದುವ ಬೇರೆ ಉತ್ತರ ಬರೆದಿದ್ದರೂ ಅಂಕ ಕೊಡಿ ಅನ್ನುವ ಮಾತು ಅನೇಕ ಕಡೆ ಇರುತ್ತದೆ. ಎರಡು ಅಂಕದ ಪ್ರಶ್ನೆ ಅಂದರೆ ಎರಡು ಅಂಶ. ನಾಲ್ಕು ಅಂಕದ್ದು ಅಂದರೆ ಕಥೆಯ ಮುಖ್ಯ ಘಟನೆಗಳು ಒಂದರ ಹಿಂದೆ ಒಂದು ಬಂದಿರಬೇಕು, ವಾಕ್ಯ ಅರ್ಥ ಆಗಬೇಕು. ತಿದ್ದುವವರು ಹುಡುಕುವುದು ಇದನ್ನೇ. ಗೈಡಿನ ವಾಕ್ಯ ಅವರಿಗೆ ನೆನಪೂ ಇರುವುದಿಲ್ಲ.

ಇನ್ನೊಂದು ಯೋಚನೆ ಮಾಡಿ. ಮಾರ್ಕೆಟ್ಟಿನಲ್ಲಿ ಎಷ್ಟು ಗೈಡ್‌ಗಳಿವೆ? ಒಂದೊಂದರಲ್ಲಿ ಒಂದೊಂದು ತರಹದ ಇಂಗ್ಲಿಷ್. ಬೀದರಿನ ಮಗು ಓದಿದ ಗೈಡ್ ಬೇರೆ, ಚಾಮರಾಜನಗರದ ಮಗು ಓದಿದ್ದು ಬೇರೆ. ಗೈಡ್ ಮುಟ್ಟದೆ ಬರೀ ಟೀಚರ್ ಕೊಟ್ಟ ನೋಟ್ಸ್ ಓದಿದ ಮಕ್ಕಳೂ ಇದ್ದಾರೆ. ಪ್ರಶ್ನೆ ಪತ್ರಿಕೆ ಎಲ್ಲರಿಗೂ ಒಂದೇ. "ಇದ್ದ ಹಾಗೇ" ಬರೆಯಬೇಕು ಅಂದರೆ ಯಾವ ಗೈಡಿನಲ್ಲಿ ಇದ್ದ ಹಾಗೆ? ಈ ಪ್ರಶ್ನೆಗೆ ಇದುವರೆಗೂ ಯಾವ ಪೋಷಕರೂ ನನಗೆ ಉತ್ತರ ಕೊಟ್ಟಿಲ್ಲ.

ಉರು ಹೊಡೆದ ಉತ್ತರ ಪರೀಕ್ಷೆಯಲ್ಲಿ ಹೇಗೆ ಕೈಕೊಡುತ್ತದೆ ಅಂತ ನಾನು ಕಣ್ಣಾರೆ ಕಂಡಿದ್ದೇನೆ. ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಆರ್.ಕೆ. ನಾರಾಯಣ್ ಅವರ 'ಎ ಹೀರೋ' ಪಾಠ ಗೊತ್ತಲ್ಲ. ಒಂದು ಪ್ರಿಪರೇಟರಿಯಲ್ಲಿ ಆ ಪಾಠದ ಮೇಲೆ ನಾಲ್ಕು ಅಂಕದ ಪ್ರಶ್ನೆ ಬಂದಿತ್ತು. ನನ್ನ ಕ್ಲಾಸಿನ ಒಬ್ಬಳು ಹುಡುಗಿ, ಒಳ್ಳೆ ಹುಡುಗಿ, ದಿನಾ ಬೆಳಗ್ಗೆ ಐದಕ್ಕೆ ಎದ್ದು ಓದುವವಳು, ಎರಡು ವಾಕ್ಯ ಮುತ್ತಿನಂಥ ಅಕ್ಷರದಲ್ಲಿ ಬರೆದಿದ್ದಳು. ಮೂರನೇ ವಾಕ್ಯ "ಇಟ್ ವಾಸ್ ಅ ಫ್ರೈಟ್‌ಫುಲ್" ಅಂತ ಶುರುವಾಗಿ ಅಲ್ಲೇ ನಿಂತಿತ್ತು. ಕೆಳಗೆ ಅರ್ಧ ಪುಟ ಖಾಲಿ. ಕರೆದು ಕೇಳಿದೆ. "ಮುಂದಿನ ಪದ ಮರೆತುಹೋಯ್ತು ಮಿಸ್" ಅಂದಳು. ಆ ಪದ 'ಪ್ರೊಪೊಸಿಷನ್', ಅಂದರೆ ಪ್ರಸ್ತಾಪ. ಅದರ ಅರ್ಥ ಗೊತ್ತಾ ಅಂದೆ, ಇಲ್ಲ ಅಂದಳು. ಸರಿ, ಕಥೆ ಏನಾಯ್ತು ಹೇಳು, ಕನ್ನಡದಲ್ಲೇ ಹೇಳು ಅಂದೆ. ಆಗ ನೋಡಬೇಕಿತ್ತು ಅವಳ ಮುಖ. ಕಥೆಯ ಹುಡುಗ ಸ್ವಾಮಿಯ ಅಪ್ಪ ಪೇಪರಿನಲ್ಲಿ ಹುಲಿ ಜೊತೆ ಹೋರಾಡಿದ ಹುಡುಗನ ಸುದ್ದಿ ಓದಿದ್ದು, ಧೈರ್ಯ ಇದ್ದರೆ ಸಾಕು ಅಂದಿದ್ದು, ಹಾಗಾದರೆ ಈ ರಾತ್ರಿ ಆಫೀಸ್ ರೂಮಿನಲ್ಲಿ ಒಬ್ಬನೇ ಮಲಗು ಅಂತ ಪಟ್ಟು ಹಿಡಿದಿದ್ದು, ಇವನು ಮುಂದಿನ ತಿಂಗಳು ಒಂದನೇ ತಾರೀಖಿನಿಂದ ಮಲಗ್ತೀನಿ ಅಂತ ಗೋಗರೆದಿದ್ದು, ಎಲ್ಲ ಬಿಡದೆ ಹೇಳಿದಳು. ಬೆಂಚಿನ ಕೆಳಗೆ ಮುದುಡಿಕೊಂಡದ್ದನ್ನು ಹೇಳುವಾಗ ತಾನೇ ಮುದುಡಿದಳು.

ಅಷ್ಟೂ ಗೊತ್ತಿತ್ತು ಅವಳಿಗೆ. ಒಂದು ಪದ ಸಿಗದೆ ಎಲ್ಲ ಹೋಯಿತು. ಉರು ಹೊಡೆದ ಉತ್ತರ ಮಣಿಸರದ ಹಾಗೆ, ಒಂದು ಕಡೆ ದಾರ ಕಡಿದರೆ ಎಲ್ಲಾ ಮಣಿ ನೆಲಕ್ಕೆ.

ಆ ದಿನ ಅವಳ ಕೈಲಿ ಅಲ್ಲೇ ಬರೆಸಿದೆ, ಅವಳಿಗೆ ಬರುವ ಇಂಗ್ಲಿಷಿನಲ್ಲಿ. "ಸ್ವಾಮಿ ವಾಸ್ ಅಫ್ರೇಡ್. ಹಿ ಸ್ಲೆಪ್ಟ್ ಅಂಡರ್ ದ ಬೆಂಚ್. ಹಿ ಸಾ ಸಮ್‌ಥಿಂಗ್ ಮೂವಿಂಗ್. ಹಿ ಥಾಟ್ ಇಟ್ ವಾಸ್ ದ ಡೆವಿಲ್. ಹಿ ಬಿಟ್ ಇಟ್ಸ್ ಲೆಗ್. ಇಟ್ ವಾಸ್ ಅ ಥೀಫ್." ಅಂದರೆ, ಸ್ವಾಮಿಗೆ ಹೆದರಿಕೆ ಆಯಿತು, ಬೆಂಚಿನ ಕೆಳಗೆ ಮಲಗಿದ, ಏನೋ ಅಲುಗಾಡುವುದು ಕಂಡಿತು, ದೆವ್ವ ಅಂದುಕೊಂಡು ಅದರ ಕಾಲು ಕಚ್ಚಿದ, ನೋಡಿದರೆ ಅದು ಕಳ್ಳ. ಆರು ವಾಕ್ಯ. ಒಂದರಲ್ಲೂ ಕಷ್ಟದ ಪದ ಇಲ್ಲ. ಕಥೆಯ ಜೀವ ಅಷ್ಟರಲ್ಲೇ ಇದೆ. ಇದಕ್ಕೆ ಮೊದಲು ಅಪ್ಪ ಸವಾಲು ಹಾಕಿದ್ದು, ಕೊನೆಗೆ ಎಲ್ಲರೂ ಹೊಗಳಿದ್ದು, ಆದರೂ ಅವನು ಮತ್ತೆ ಅಜ್ಜಿ ಪಕ್ಕ ಹೋಗಿ ಮಲಗಿದ್ದು ಸೇರಿಸಿದರೆ ನಾಲ್ಕು ಅಂಕದ ಉತ್ತರ ಆಯಿತು. ಅಲ್ಲಿ ಇಲ್ಲಿ ವ್ಯಾಕರಣ ತಪ್ಪಿದರೆ ಸ್ವಲ್ಪ ಅಂಕ ಹೋಗಬಹುದು. ಹೋಗಲಿ. ಖಾಲಿ ಅರ್ಧ ಪುಟಕ್ಕೆ ಬರುವುದು ಸೊನ್ನೆ ಅಲ್ವಾ?

ಪ್ರಶ್ನೆ ಸ್ವಲ್ಪ ತಿರುಗಿದರೂ ಉರು ಹೊಡೆದವರ ಗತಿ ಕಷ್ಟ. 'ಸ್ವಾಮಿ ನಿಜವಾಗಿ ಹೀರೋನಾ? ನಿನಗೆ ಏನನ್ನಿಸುತ್ತದೆ?' ಅಂತ ಕೇಳುತ್ತಾರೆ ಅಂದುಕೊಳ್ಳಿ. ಗೈಡ್ ಮಕ್ಕಳು ಪಾಠದ ಸಾರಾಂಶ ಮೊದಲಿಂದ ಕೊನೆವರೆಗೆ ಬರೆದು ಬರುತ್ತಾರೆ. ಪುಟ ತುಂಬಿರುತ್ತದೆ, ಕೇಳಿದ್ದಕ್ಕೆ ಉತ್ತರ ಇರುವುದಿಲ್ಲ. ಅಲ್ಲಿ ಬೇಕಾದ್ದು ಒಂದು ಅಭಿಪ್ರಾಯ, ಅದಕ್ಕೆ ಕಥೆಯಿಂದ ಒಂದೆರಡು ಕಾರಣ. ಹೀರೋ ಅಲ್ಲ, ಅವನು ಹೆದರಿ ಕಚ್ಚಿದ್ದು, ಕಳ್ಳ ಅಂತ ಅವನಿಗೆ ಗೊತ್ತೇ ಇರಲಿಲ್ಲ ಅನ್ನಬಹುದು. ಹೀರೋನೇ, ಅಷ್ಟು ಹೆದರಿದ್ದರೂ ಕಚ್ಚಿದ್ದನ್ನು ಬಿಡಲಿಲ್ಲ ಅಂತಲೂ ಅನ್ನಬಹುದು. ಎರಡಕ್ಕೂ ಅಂಕ ಇದೆ. ನನ್ನ ಕ್ಲಾಸಿನಲ್ಲಿ ಇದರ ಮೇಲೆ ಒಂದು ಪೀರಿಯಡ್ ಪೂರ್ತಿ ಜಗಳ ಆಡಿಸುತ್ತೇನೆ, ಕನ್ನಡದಲ್ಲೇ. ಹಿಂದಿನ ಬೆಂಚಿನ ಹುಡುಗರು ಅವತ್ತು ಮಾತಾಡುವಷ್ಟು ವರ್ಷದಲ್ಲಿ ಮತ್ಯಾವತ್ತೂ ಮಾತಾಡುವುದಿಲ್ಲ. ಆಮೇಲೆ ಬರೆಸಿದರೆ ಅವರ ಇಂಗ್ಲಿಷಿನಲ್ಲೂ ಒಂದು ಗಟ್ಟಿ ಮಾತು ಇರುತ್ತದೆ. ಇದನ್ನು ನೋಡುವುದಕ್ಕೇ ನಾನು ಈ ಕೆಲಸದಲ್ಲಿ ಇರುವುದು.

ಹಾಗಾದರೆ ಬಾಯಿಪಾಠ ಬೇಡವೇ ಬೇಡವಾ? ಬೇಕು. ಒಂದು ಜಾಗದಲ್ಲಿ ಬೇಕೇ ಬೇಕು. ಪದ್ಯದ ಸಾಲುಗಳನ್ನು ನೆನಪಿನಿಂದ ಬರೆಯುವ ಪ್ರಶ್ನೆ ಇದೆಯಲ್ಲ, ನಾಲ್ಕು ಅಂಕದ್ದು, ಅದಕ್ಕೆ ಸ್ವಂತ ಮಾತು ನಡೆಯುವುದಿಲ್ಲ. ಅಲ್ಲಿ ಪದ, ಸ್ಪೆಲಿಂಗ್, ಸಾಲು ಎಲ್ಲಿ ಮುರಿಯುತ್ತದೆ ಅನ್ನುವುದು, ಎಲ್ಲ ಪುಸ್ತಕದಲ್ಲಿ ಇದ್ದ ಹಾಗೇ ಇರಬೇಕು. ಜೊತೆಗೆ ಕವಿಯ ಹೆಸರು, ಪಾತ್ರಗಳ ಹೆಸರು. ಇಷ್ಟಕ್ಕೆ ಉರು ಹೊಡೆಯಿರಿ. ವಿಚಿತ್ರ ಅಂದರೆ, ಇಡೀ ಗೈಡ್ ಬಾಯಿಪಾಠ ಮಾಡಿದ ಎಷ್ಟೋ ಮಕ್ಕಳು ಈ ನಾಲ್ಕು ಅಂಕವನ್ನೇ ಕೈಬಿಟ್ಟು ಬರುತ್ತಾರೆ.

ಇದರಲ್ಲೂ ಅರ್ಥ ಗೊತ್ತಿದ್ದರೆ ಬೇಗ ತಲೆಗೆ ಹೋಗುತ್ತದೆ. ಷೇಕ್ಸ್‌ಪಿಯರನ 'ಕ್ವಾಲಿಟಿ ಆಫ್ ಮರ್ಸಿ' ತೆಗೆದುಕೊಳ್ಳಿ. ಮೊದಲ ಸಾಲಿನ ಕೊನೆಯ 'ಸ್ಟ್ರೇನ್ಡ್' ಅನ್ನುವುದನ್ನು ಮಕ್ಕಳು ಟೀ ಸೋಸುವುದು ಅಂದುಕೊಳ್ಳುತ್ತಾರೆ. ಅಲ್ಲ, ಅಲ್ಲಿ ಅದರ ಅರ್ಥ ಬಲವಂತ. ದಯೆ ಬಲವಂತಕ್ಕೆ ಬರುವುದಲ್ಲ, ಆಕಾಶದಿಂದ ಮೆಲ್ಲನೆ ಬೀಳುವ ಮಳೆ ಹಾಗೆ ತಾನಾಗಿ ಬರುತ್ತದೆ. ಕೊಟ್ಟವನಿಗೂ ಒಳ್ಳೆಯದು, ಪಡೆದವನಿಗೂ ಒಳ್ಳೆಯದು. 'ಡ್ರಾಪೆತ್', 'ಬ್ಲೆಸೆತ್' ಅಂದರೆ ಏನು ಅಂತ ಗಾಬರಿ ಬೇಡ, ಹಳಗನ್ನಡದಲ್ಲಿ ಕ್ರಿಯಾಪದದ ಬಾಲ ಬೇರೆ ಇರುತ್ತದಲ್ಲ, ಇದೂ ಹಾಗೇ, ಹಳೆಯ ಇಂಗ್ಲಿಷಿನ ಬಾಲ. ಇಷ್ಟು ಹೇಳಿ ಬಸವಣ್ಣನವರ 'ದಯವಿಲ್ಲದ ಧರ್ಮ' ವಚನ ನೆನಪಿಸಿದರೆ ಅರ್ಧ ಕ್ಲಾಸು ಅದನ್ನು ಪೂರ್ತಿ ಹೇಳಿಬಿಡುತ್ತದೆ. ಈ ಸಾಲುಗಳು 'ಮರ್ಚೆಂಟ್ ಆಫ್ ವೆನಿಸ್' ನಾಟಕದವು, ಹೇಳುವವಳು ವಕೀಲನ ವೇಷ ಹಾಕಿ ಬಂದ ಪೋರ್ಷಿಯಾ. ಆಮೇಲೆ ಅವಳು ಈ ಮಾತನ್ನು ಯಾರಿಗೆ ಹೇಳುತ್ತಾಳೆ ಅಂತ ಹೇಳಬೇಕು. ಸಾಲಕ್ಕೆ ಬದಲು ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಬೇಕು ಅಂತ ಕೋರ್ಟಿನಲ್ಲಿ ಹಟ ಹಿಡಿದು ನಿಂತ ಶೈಲಾಕ್‌ಗೆ. ಅದು ಗೊತ್ತಾದ ಮೇಲೆ ಆ ಸಾಲುಗಳನ್ನು ಮಕ್ಕಳು ಹೇಳುವ ದನಿಯೇ ಬದಲಾಗುತ್ತದೆ. ಗಟ್ಟಿಯಾಗಿ ನಾಲ್ಕು ಸಲ ಹೇಳಿಸಿ, ಎರಡು ಸಲ ಪುಸ್ತಕ ಮುಚ್ಚಿ ಬರೆಸಿ. ಸುಮ್ನೆ ಕಣ್ಣಾಡಿಸಿದರೆ ನಿಲ್ಲುವುದಿಲ್ಲ, ಕೈಗೆ ಅಭ್ಯಾಸ ಆಗಬೇಕು.

ಗೈಡನ್ನು ಏನು ಮಾಡುವುದು ಅಂತ ಕೇಳಿದರೆ, ಬಿಸಾಡಬೇಡಿ, ದುಡ್ಡು ಕೊಟ್ಟು ತಂದಿದ್ದೀರಿ. ಆದರೆ ಅದು ಕೊನೆಗೆ ತೆಗೆಯುವ ಪುಸ್ತಕ. ಮೊದಲು ಪಾಠ ಓದಲಿ, ಪುಸ್ತಕ ಮುಚ್ಚಿ ಕಥೆ ಕನ್ನಡದಲ್ಲಿ ಹೇಳಲಿ, ಆಮೇಲೆ ತನಗೆ ಬರುವ ಇಂಗ್ಲಿಷಿನಲ್ಲಿ ಬರೆಯಲಿ. ಆಮೇಲೆ ಗೈಡ್ ತೆಗೆದು ಯಾವ ಅಂಶ ಬಿಟ್ಟುಹೋಗಿದೆ ಅಂತ ನೋಡಿಕೊಳ್ಳಲಿ. ಸಂದರ್ಭದ ಪ್ರಶ್ನೆಗಳಿಗೆ, ಅಂದರೆ ಯಾರು ಯಾರಿಗೆ ಯಾವಾಗ ಹೇಳಿದ್ದು ಅನ್ನುವ ಮೂರು ಅಂಕದವಕ್ಕೆ, ಪಾಠದ ಪುಸ್ತಕ ಓದದೆ ಬೇರೆ ದಾರಿಯೇ ಇಲ್ಲ. ಪತ್ರ ಬರೆಯುವುದು, ಗ್ರಾಮರ್ ಇವೆಲ್ಲ ಇಲ್ಲಿ ಬೇಡ, ಅದು ಬೇರೆಯೇ ಮಾತು.

ಪ್ರಶ್ನೆ ಕೇಳಿದವರು ಇನ್ನೊಂದು ಮಾತು ಬರೆದಿಲ್ಲ, ಆದರೆ ಸಾಲಿನ ನಡುವೆ ನನಗೆ ಕೇಳಿಸಿತು. ನಮಗೆ ಇಂಗ್ಲಿಷ್ ಬರುವುದಿಲ್ಲ, ನಾವು ಮಗಳಿಗೆ ಹೇಗೆ ಸಹಾಯ ಮಾಡುವುದು?

ಮಾಡಬಹುದು. ತುಂಬ ಮಾಡಬಹುದು. ನಿಮಗೆ ಇಂಗ್ಲಿಷ್ ಬರದೆ ಇರುವುದೇ ಅವಳಿಗೆ ಒಳ್ಳೆಯದು, ಏಕೆಂದರೆ ಅವಳು ನಿಮಗೆ ಕಥೆಯನ್ನು ಬಿಡಿಸಿ ಹೇಳಲೇಬೇಕಾಗುತ್ತದೆ. ಕನ್ನಡದಲ್ಲಿ ಹೇಳಿದರೆ ಇಂಗ್ಲಿಷ್ ಹಾಳಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಏನು ಹೇಳಬೇಕು ಅಂತ ಗೊತ್ತಿದ್ದರೆ ತಾನೇ ಯಾವ ಭಾಷೆಯಲ್ಲಾದರೂ ಹೇಳುವುದು. ಅದೂ ಅಲ್ಲದೆ ಈ ಕಥೆಗಳು ನಮ್ಮಿಂದ ದೂರದವೂ ಅಲ್ಲ. ನಾರಾಯಣ್ ಬದುಕಿದ್ದು ಬರೆದದ್ದು ಮೈಸೂರಿನಲ್ಲಿ, ಯಾದವಗಿರಿಯ ಅವರ ಮನೆ ಈಗ ಮ್ಯೂಸಿಯಂ ಆಗಿದೆ. ಪೇಪರ್ ಹಿಡಿದು ಉಪದೇಶ ಮಾಡುವ ಅಪ್ಪ, ಮೊಮ್ಮಗನನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ಅಜ್ಜಿ, ಗಂಡನ ಮೇಲೆ ರೇಗುವ ಅಮ್ಮ, ಇವರು ನಿಮಗೆ ಗೊತ್ತಿಲ್ಲದವರಾ?

ನನ್ನ ಹಳೇ ವಿದ್ಯಾರ್ಥಿನಿ ಒಬ್ಬಳ ಅಮ್ಮ ಹೂ ಕಟ್ಟುತ್ತಿದ್ದರು. ಸಂಜೆ ಅವರು ಮಾಲೆ ಕಟ್ಟುವಾಗ ಮಗಳು ಪಕ್ಕದಲ್ಲಿ ಕೂತು ಒಂದೊಂದು ಪಾಠ ಹೇಳಬೇಕು ಅಂತ ನಾನೇ ಹೇಳಿದ್ದೆ. ಒಂದು ದಿನ ರಸ್ಕಿನ್ ಬಾಂಡ್ ಅವರ 'ಗ್ರ್ಯಾಂಡ್ಮಾ ಕ್ಲೈಂಬ್ಸ್ ಅ ಟ್ರೀ' ಹೇಳಿದಳಂತೆ. ಅರವತ್ತೆರಡು ವರ್ಷದ ಅಜ್ಜಿ ಮರ ಹತ್ತಿದಳು, ಇಳಿಯಲು ಆಗಲಿಲ್ಲ, ಡಾಕ್ಟರ್ ಒಂದು ವಾರ ಮಲಗಿಸಿದರು, ಎದ್ದವಳು ಮರದ ಮೇಲೇ ಮನೆ ಬೇಕು ಅಂದಳು, ಮಗ ಕಟ್ಟಿಕೊಟ್ಟ. ಅಮ್ಮ ಹೂವಿನಿಂದ ತಲೆ ಎತ್ತದೆ ಕೇಳಿದರಂತೆ: "ಮರ ಹತ್ತೋದು ಯಾರ ಹತ್ರ ಕಲಿತಿತ್ತು ಆ ಅಜ್ಜಿ?" ಮಗಳಿಗೆ ಗೊತ್ತಿರಲಿಲ್ಲ. ಆ ಪದ್ಯದ ಪ್ರಶ್ನೋತ್ತರ ಎಲ್ಲ ಅವಳಿಗೆ ಬಾಯಿಗೆ ಬರುತ್ತಿತ್ತು, ಇದು ಮಾತ್ರ ಗೊತ್ತಿರಲಿಲ್ಲ. ಎದ್ದು ಹೋಗಿ ಪಠ್ಯಪುಸ್ತಕ ತಂದಳು, ಗೈಡಲ್ಲ. ಬೆರಳಿಟ್ಟು ಸಾಲು ಸಾಲು ಹುಡುಕಿದಳು. ಅಣ್ಣನೋ ತಮ್ಮನೋ, ಅಂತೂ ಪ್ರೀತಿಯ ಒಡಹುಟ್ಟಿದವನು ಕಲಿಸಿದ್ದು, ಆಗ ಅವಳಿಗೆ ಆರು ವರ್ಷ.

"ಹಂಗಂದ್ರೆ ನಮ್ ಸೀನಣ್ಣನ ಥರ" ಅಂದರಂತೆ ಅಮ್ಮ. "ಮುಂದೆ ಓದು."