ಫಿನಾಯಿಲ್ ಬಾಟಲಿ ಕೆಳಗಿಡಿ, ಮಣ್ಣು ನೋಡಿ

ಪಕ್ಕದ ಮನೆ ಬೆಕ್ಕು ಕರಿಬೇವಿನ ಬುಡದಲ್ಲಿ ಗಲೀಜು ಮಾಡಿತೆಂದರೆ ನಮ್ಮ ಬಡಾವಣೆಗಳಲ್ಲಿ ಮೊದಲು ಕೈ ಹೋಗುವುದು ಫಿನಾಯಿಲ್‌ಗೆ. ಅದು ಖಾಲಿಯಾಗಿದ್ದರೆ ನುಸಿಗುಳಿಗೆ, ಇಲ್ಲವೇ ಖಾರದ ಪುಡಿ. ಗೇಟಿಗೆ ನೀಲಿ ನೀರಿನ ಬಾಟಲಿ ಕಟ್ಟುವವರ ಬಗ್ಗೆ ಪಶುವೈದ್ಯರ ತಕರಾರೇನೂ ಇಲ್ಲ. ಅದಕ್ಕೆ ಬೆಕ್ಕು ಹೆದರುವುದಿಲ್ಲ, ಅದರಿಂದ ಸಾಯುವುದೂ ಇಲ್ಲ. ಫಿನಾಯಿಲ್ ಹಾಗಲ್ಲ.

“ಕುಡಿಯೋಕೆ ಇಟ್ಟಿಲ್ಲ ಡಾಕ್ಟ್ರೇ, ವಾಸನೆಗೆ ಓಡಿಹೋಗ್ಲಿ ಅಂತ ಚಿಮುಕಿಸಿದ್ದು ಅಷ್ಟೆ” ಎನ್ನುತ್ತಾರೆ ಫಿನಾಯಿಲ್ ಹಾಕಿದವರು. ಎಷ್ಟು ಸಲ ಹೇಳಿದರೂ ತಲೆಗೆ ಹೋಗದಿರುವುದು ಇದೊಂದೇ, ಅದಕ್ಕೇ ಬಿಡಿಸಿ ಹೇಳಬೇಕಾಗಿದೆ. ಬೆಕ್ಕು ಫಿನಾಯಿಲ್ ಕುಡಿಯುವುದಿಲ್ಲ, ಅದರ ಮೇಲೆ ನಡೆಯುತ್ತದೆ. ಆಮೇಲೆ ಕಾಂಪೌಂಡ್ ಮೇಲೆ ಕುಳಿತು ಪಾದ, ಬೆರಳ ಸಂದು, ಹೊಟ್ಟೆಯ ಕೂದಲು ಎಲ್ಲವನ್ನೂ ನೆಕ್ಕಿ ಶುಚಿ ಮಾಡಿಕೊಳ್ಳುತ್ತದೆ. ನೀವು ನೆಲಕ್ಕೆ ಹಾಕಿದ್ದು ಹೊಟ್ಟೆಗೆ ಹೋಗುವುದು ಆಗ. ಕರಿ ಫಿನಾಯಿಲ್‌ನಲ್ಲಿರುವ ಫೀನಾಲ್ ಜಾತಿಯ ರಾಸಾಯನಿಕಗಳನ್ನು ಮನುಷ್ಯರ ಯಕೃತ್ತು ಗ್ಲುಕುರಾನಿಕ್ ಆಮ್ಲದ ಜೊತೆ ಜೋಡಿಸಿ ಮೂತ್ರದಲ್ಲಿ ಹೊರಹಾಕುತ್ತದೆ. ಈ ಜೋಡಣೆ ಮಾಡುವ ಕಿಣ್ವಗಳು ಬೆಕ್ಕಿನ ಯಕೃತ್ತಿನಲ್ಲಿ ತೀರಾ ಕಡಿಮೆ. ಜ್ವರ ಬಂದ ಬೆಕ್ಕಿಗೆ ಮನೆಯಲ್ಲಿದ್ದ ಒಂದು ಪ್ಯಾರಸಿಟಮಾಲ್ ಮಾತ್ರೆ ತಿನ್ನಿಸಿದರೆ ಅದು ಸಾಯಬಹುದು, ಅಲ್ಲಿಯೂ ಇದೇ ಕೊರತೆ. ಬಿಳಿ ಫಿನಾಯಿಲ್ ಆದರೆ ತೊಂದರೆಯಿಲ್ಲ, ಅದು ಪೈನ್ ಎಣ್ಣೆಯದು ಎನ್ನುವವರೂ ಇದ್ದಾರೆ. ಪೈನ್ ಎಣ್ಣೆಯೂ ಬೆಕ್ಕಿಗೆ ವಿಷವೇ. ನುಸಿಗುಳಿಗೆಯ ನ್ಯಾಫ್ತಲೀನ್ ಕೆಂಪು ರಕ್ತಕಣಗಳನ್ನು ಒಡೆಯುತ್ತದೆ. ಮಣ್ಣಿನ ಮೇಲೆ ಬಿದ್ದ ಬಿಳಿ ಗುಳಿಗೆ ಅಂಬೆಗಾಲಿಡುವ ಮಗುವಿನ ಬಾಯಿಗೂ ಹೋಗಬಹುದು, ಅದನ್ನೂ ಯೋಚಿಸಿ.

ಜೊಲ್ಲು ಸುರಿಯುವುದು, ನಾಲಿಗೆಯಲ್ಲಿ ಹುಣ್ಣು, ನಡುಕ, ತೂರಾಟ ಕಂಡರೆ ಬೆಕ್ಕಿನ ಪಾದ ಮತ್ತು ಮೈಯನ್ನು ಉಗುರುಬೆಚ್ಚಗಿನ ನೀರು, ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ತೊಳೆಯಿರಿ. ಟವೆಲ್‌ನಲ್ಲಿ ಸುತ್ತಿ ಆಸ್ಪತ್ರೆಗೆ ತನ್ನಿ, ಬಾಟಲಿಯೂ ಜೊತೆಗಿರಲಿ. ವಾಂತಿ ಮಾಡಿಸಲು ಹೋಗಬೇಡಿ, ಒಳಗೆ ಸುಟ್ಟ ಗಂಟಲು ಇನ್ನೊಮ್ಮೆ ಸುಡುತ್ತದೆ.

ಇಷ್ಟೆಲ್ಲ ಮಾಡಿದ್ದಕ್ಕೆ ಬೆಕ್ಕಾದರೂ ಹೋಯಿತೇ? ಬಿಸಿಲಿಗೆ ವಾಸನೆ ಒಂದೆರಡು ದಿನದಲ್ಲಿ ಹಾರಿಹೋಗುತ್ತದೆ, ಬೆಕ್ಕು ಮತ್ತೆ ಅಲ್ಲೇ ಬರುತ್ತದೆ. ಅದಕ್ಕೆ ಬೇಕಿರುವುದು ಒಣಗಿದ, ಸಡಿಲವಾದ, ಸುಲಭವಾಗಿ ಕೆದರಲು ಬರುವ ಮಣ್ಣು. ಈಗ ಎಲ್ಲರೂ ತಾರಸಿ ತೋಟಕ್ಕೆ ತುಂಬುವ ಕೋಕೊಪೀಟ್ (ತೆಂಗಿನ ನಾರಿನ ಪುಡಿ) ಮಿಶ್ರಣ ಬೆಕ್ಕಿಗೆ ಹೇಳಿ ಮಾಡಿಸಿದ ಶೌಚಾಲಯ. ಅಂಗಡಿಯಲ್ಲಿ ದುಡ್ಡು ಕೊಟ್ಟು ತರುವ, ಬೆಕ್ಕಿನ ಶೌಚದ ಟ್ರೇಗೆ ತುಂಬುವ ಲಿಟರ್‌ಗಿಂತ ಮೆತ್ತಗೆ ಇರುತ್ತದೆ.

ಹಾರ್ಡ್‌ವೇರ್ ಅಂಗಡಿಯಲ್ಲಿ ಚಿಕನ್ ಮೆಶ್ (ಕೋಳಿಗೂಡಿನ ತಂತಿ ಜಾಲರಿ) ಕೇಳಿ, ಸುಮಾರು ಒಂದು ಇಂಚು ಕಣ್ಣಿನದು ಸಾಕು. ಪಾತಿಯ ಅಳತೆಗೆ ಕತ್ತರಿಸಿ, ಅಂಚಿನ ಚೂಪಾದ ತಂತಿಗಳನ್ನು ಕೆಳಮುಖವಾಗಿ ಮಡಚಿ, ಮೇಲ್ಮಣ್ಣಿನ ಒಂದು ಇಂಚು ಕೆಳಗೆ ಮಟ್ಟಸವಾಗಿ ಹಾಸಿ. ಸಸಿ ಇರುವಲ್ಲಿ ಕಣ್ಣು ಕತ್ತರಿಸಿ ಅಗಲ ಮಾಡಿ, ಇಲ್ಲದಿದ್ದರೆ ಬದನೆ, ಟೊಮೆಟೊ ಕಾಂಡ ದಪ್ಪವಾದಾಗ ತಂತಿ ಬಿಗಿಯುತ್ತದೆ. ಉಗುರಿಗೆ ತಂತಿ ತಗುಲಿದರೆ ಬೆಕ್ಕು ಬೇರೆ ಜಾಗ ಹುಡುಕುತ್ತದೆ. ಕುಂಡಗಳಿಗೆ ಜಾಲರಿ ಬೇಡ. 20 ಎಂಎಂ ಜಲ್ಲಿ ಅಥವಾ ಬೋರಲು ಹಾಕಿದ ತೆಂಗಿನ ಕರಟಗಳನ್ನು ಮಣ್ಣು ಕಾಣದಂತೆ ಒತ್ತೊತ್ತಾಗಿ ಜೋಡಿಸಿ. ಅಲ್ಲಲ್ಲಿ ನಾಲ್ಕು ಕಲ್ಲು ಇಟ್ಟರೆ ಉಪಯೋಗವಿಲ್ಲ. ಬೀಜ ಬಿತ್ತಿದ ಮಡಿಗೆ ಸಂಜೆ ನೀರು ಹಾಕಿ, ಒದ್ದೆ ಮಣ್ಣು ಬೆಕ್ಕಿಗೆ ಹಿಡಿಸುವುದಿಲ್ಲ.

ಮೂಳೆಪುಡಿ, ಮೀನಿನ ಗೊಬ್ಬರ ಹಾಕಿ “ಯಾಕೋ ಬೆಕ್ಕು ಅಗೆಯುತ್ತೆ” ಎಂದರೆ ಏನು ಹೇಳುವುದು? ನೀವೇ ಊಟಕ್ಕೆ ಕರೆದಿದ್ದೀರಿ. ಅವುಗಳ ಬದಲು ಬೇವಿನ ಹಿಂಡಿ ಹಾಕಿ. ಹರಳು ಹಿಂಡಿಯಂತೂ ಬೇಡವೇ ಬೇಡ, ಅದರಲ್ಲಿರುವ ರಿಸಿನ್ ನಾಯಿ, ಬೆಕ್ಕು ಎರಡಕ್ಕೂ ಮಾರಕ.

ಗೋಡೆ, ಬೈಕಿನ ಸೀಟು, ಚಪ್ಪಲಿ ಸ್ಟ್ಯಾಂಡ್ ಘಾಟು ಹೊಡೆಯುತ್ತಿದ್ದರೆ ಅದು ಬೇರೆ ಕತೆ. ಗಂಡು ಬೆಕ್ಕು ನಿಂತುಕೊಂಡು, ಬಾಲ ಎತ್ತಿ, ಹಿಂದಕ್ಕೆ ಚಿಮ್ಮಿಸಿ ಗಡಿ ಗುರುತು ಮಾಡುತ್ತದೆ. ಜಾಲರಿ, ಜಲ್ಲಿ ಇದಕ್ಕೆ ನಾಟುವುದಿಲ್ಲ. ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿದರೆ ಹೆಚ್ಚಿನ ಗಂಡುಗಳಲ್ಲಿ ಕೆಲವು ವಾರಗಳಲ್ಲಿ ಇದು ನಿಲ್ಲುತ್ತದೆ ಅಥವಾ ಬಹಳ ಕಡಿಮೆಯಾಗುತ್ತದೆ. ಎಲ್ಲದರಲ್ಲೂ ನಿಂತೇಬಿಡುತ್ತದೆಂದು ಬರೆದುಕೊಡಲು ಮಾತ್ರ ಆಗದು.

ಇನ್ನು ಜಗಳದ ವಿಷಯ. ಅನ್ನ ಹಾಕುವ ಆಂಟಿ ಒಂದು ಕಡೆ, ಗಿಡ ಬೆಳೆಸುವ ಅಂಕಲ್ ಇನ್ನೊಂದು ಕಡೆ, ನಡುವೆ ವಾಟ್ಸಾಪ್ ಗುಂಪು. ಗೋಣಿಚೀಲದಲ್ಲಿ ತುಂಬಿ ಮಾರ್ಕೆಟ್ ಹತ್ತಿರ ಬಿಟ್ಟುಬರುವ ಸಲಹೆ ಕೊಡುವವರೊಬ್ಬರು ಅಲ್ಲಿ ಇದ್ದೇ ಇರುತ್ತಾರೆ. ಹಸಿವು, ಬಾಯಾರಿಕೆಯಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ. ವಿಷ ಹಾಕುವುದಕ್ಕೆ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಂ ಇದೆ, 5 ವರ್ಷದವರೆಗೆ ಜೈಲು. ಅಲ್ಲದೆ ಊಟ ಸಿಗುವ ಜಾಗ ಖಾಲಿ ಬಿದ್ದರೆ ಇನ್ನೊಂದು ಬೆಕ್ಕು ಬಂದು ಸೇರಿಕೊಳ್ಳುತ್ತದೆ.

ಅನ್ನ ಹಾಕುವವರಿಗೂ ಒಂದು ಮಾತಿದೆ. ದಿನವಿಡೀ ತಟ್ಟೆ ಇಡಬೇಡಿ. ನಿಗದಿತ ಹೊತ್ತಿಗೆ, ನಿಮ್ಮ ಕಾಂಪೌಂಡ್ ಒಳಗೇ ಹಾಕಿ, ಅರ್ಧ ಗಂಟೆಗೆ ತಟ್ಟೆ ಎತ್ತಿಬಿಡಿ. ಬೆಕ್ಕಿನ ಶೌಚಕ್ಕೆಂದು ಮನೆಯ ಮೂಲೆಯಲ್ಲಿ ಎರಡಡಿ ಉದ್ದ, ಎರಡಡಿ ಅಗಲ, ಆರು ಇಂಚು ಆಳಕ್ಕೆ ಮರಳು ತುಂಬಿ, ಮಳೆ ಬೀಳದಂತೆ ಮೇಲೆ ಒಂದು ಶೀಟು ಹಾಕಿ. ಕೈಗವಸು ಹಾಕಿಕೊಂಡು ದಿನವೂ ಮಲ ಎತ್ತಬೇಕು. ಬೆಕ್ಕಿನ ಮಲದಲ್ಲಿ ಬರಬಹುದಾದ ಟಾಕ್ಸೊಪ್ಲಾಸ್ಮಾ ಎಂಬ ಪರಾವಲಂಬಿ ಸೂಕ್ಷ್ಮಜೀವಿ ಸೋಂಕು ಅಂಟಿಸುವ ಹಂತಕ್ಕೆ ಬರಲು ಒಂದರಿಂದ ಐದು ದಿನ ಬೇಕು, ಅಷ್ಟರೊಳಗೆ ತೆಗೆದರೆ ಅಪಾಯ ಬಹಳ ಕಡಿಮೆ. ಮನೆಯಲ್ಲಿ ಬಸುರಿ ಇದ್ದರೆ ಈ ಕೆಲಸ ಬೇರೆಯವರು ಮಾಡಲಿ.

ಹೆಣ್ಣು ಮರಿ ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಸುಮಾರು 65 ದಿನ, ಹಾಲು ಕುಡಿಸುತ್ತಿರುವಾಗಲೇ ಮತ್ತೆ ಗಬ್ಬವಾಗುವುದೂ ಉಂಟು. ಆದ್ದರಿಂದ ಸಂತಾನಹರಣ ಶಸ್ತ್ರಚಿಕಿತ್ಸೆಗೆ “ಮುಂದಿನ ತಿಂಗಳು ನೋಡೋಣ” ಎನ್ನಬೇಡಿ. ಹಿಡಿಯುವ ಬೋನಿನ ತಳಕ್ಕೆ ಪೇಪರ್ ಹಾಸಿ, ಒಳತುದಿಯಲ್ಲಿ ಮೀನು ಇಡಿ, ಬೆಕ್ಕು ಬಿದ್ದ ಕೂಡಲೇ ಬಟ್ಟೆ ಮುಚ್ಚಿ, ಕತ್ತಲಾದರೆ ಸುಮ್ಮನಾಗುತ್ತದೆ. ಬರಿಗೈಲಿ ಹಿಡಿಯಲು ಹೋಗಿ ಕಚ್ಚಿಸಿಕೊಂಡರೆ ಅಥವಾ ಪರಚಿಸಿಕೊಂಡರೆ ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು, ಅರಿಶಿನ ಮೆತ್ತದೆ, ಅಂದೇ ರೇಬೀಸ್ ಲಸಿಕೆಗೆ ಹೋಗಿ.