ಕಾದಂಬರಿಗೆ ಯಾವ ಸಾಫ್ಟ್‌ವೇರ್? ಮೊದಲು ಅದರ ಹೊಟ್ಟೆ ನೋಡಿ

ಕಾದಂಬರಿ ಬರೆಯೋಕೆ ಯಾವ ಸಾಫ್ಟ್‌ವೇರ್ ಒಳ್ಳೆಯದು ಎಂದು ಕೇಳುವವರಲ್ಲಿ ಬಹಳ ಜನ ಇನ್ನೂ ಮೊದಲ ಸಾಲನ್ನೇ ಬರೆದಿರುವುದಿಲ್ಲ. ನಾನೂ ಒಂದು ಕಾಲದಲ್ಲಿ ಹಾಗೇ ಇದ್ದೆ. ಅದೃಷ್ಟದ ಪೆನ್ನು ಹಿಡಿದರೆ ಪರೀಕ್ಷೆ ಪಾಸು ಎಂಬ ನಂಬಿಕೆಗೂ, ಇಂಥ ಆ್ಯಪ್ ಹಾಕಿಕೊಂಡರೆ ಕಥೆ ತಾನಾಗಿ ಹರಿದು ಬರುತ್ತದೆ ಎಂಬ ನಂಬಿಕೆಗೂ ನನಗೆ ವ್ಯತ್ಯಾಸ ಕಾಣುವುದಿಲ್ಲ. ಎರಡನೆಯದಕ್ಕೆ ತಿಂಗಳು ತಿಂಗಳು ಚಂದಾ ಕಟ್ಟಬೇಕು, ಅಷ್ಟೇ.

ಹಾಗಂತ ಎಲ್ಲ ಸಾಫ್ಟ್‌ವೇರೂ ಒಂದೇ ಅಲ್ಲ. ವ್ಯತ್ಯಾಸ ಇದೆ. ಅದು ಪರದೆಯ ಬಣ್ಣದಲ್ಲಿ, ಹಿನ್ನೆಲೆಯ ಮಳೆ ಸದ್ದಿನಲ್ಲಿ ಇಲ್ಲ. ನೀವು ಬರೆದದ್ದನ್ನು ಅದು ಒಳಗೆ ಹೇಗೆ ಇಟ್ಟುಕೊಳ್ಳುತ್ತದೆ ಎಂಬುದರಲ್ಲಿದೆ.

ಒಂದು ಒಗಟು. ನಿಮ್ಮ ಕಾದಂಬರಿ ಒಂದು ಲಕ್ಷ ಪದ ಮುಟ್ಟಿದೆ. ಮೊದಲ ಸಾಲಿನಲ್ಲಿರುವ ‘ಮಳೆ’ಯ ಹಿಂದೆ ‘ಜೋರು’ ಎಂದು ಸೇರಿಸುತ್ತೀರಿ. ಅಕ್ಷರಗಳೆಲ್ಲ ಮೆಮೊರಿಯಲ್ಲಿ ಸಾಲಾಗಿ ಕೂತಿದ್ದರೆ, ಹೊಸ ಪದಕ್ಕೆ ಜಾಗ ಬಿಡಲು ಉಳಿದವೆಲ್ಲ ಸರಿಯಬೇಕು. ತುಂಬಿದ ಸಾಲಿನ ಮೊದಲ ಸೀಟಿಗೆ ಒಬ್ಬ ಬಂದು, ಕೊನೆಯವನವರೆಗೆ ಎಲ್ಲರೂ ಎದ್ದು ಒಂದೊಂದು ಸೀಟು ಜರುಗಿದ ಹಾಗೆ. ಅದೂ ಪ್ರತಿ ಸಲ ಕೀ ಒತ್ತಿದಾಗಲೂ! ಈಗಿನ ಕಂಪ್ಯೂಟರಿಗೆ ಅದೇನು ದೊಡ್ಡ ಭಾರವಲ್ಲ ಅನ್ನಿ. 1970ರ ದಶಕದ ಯಂತ್ರಕ್ಕೆ ಆಗದ ಮಾತು.

ಅದಕ್ಕೂ ಹಿಂದೆ, 1964ರಲ್ಲಿ, ಐಬಿಎಂ ಕಂಪನಿ ಟೈಪ್‌ರೈಟರಿಗೆ ಮ್ಯಾಗ್ನೆಟಿಕ್ ಟೇಪು ಜೋಡಿಸಿ ಎಂಟಿ/ಎಸ್‌ಟಿ ಎಂಬ ಯಂತ್ರ ತಂದಿತ್ತು. ಬರೆದದ್ದು ಟೇಪಿನಲ್ಲಿ ಉಳಿಯುತ್ತದೆ, ತಿದ್ದಬಹುದು, ಯಂತ್ರವೇ ಮತ್ತೆ ಟೈಪ್ ಮಾಡಿ ಕೊಡುತ್ತದೆ. ಆದರೆ ಟೇಪು ಎಂದರೆ ಅದೇ ಸೀಟಿನ ಸಾಲು. ನಡುವೆ ಜಾಗ ಹುಟ್ಟಿಸುವುದು ಸುಲಭವಲ್ಲ.

ಜಾಣ ಉತ್ತರ ಕಾಣಿಸಿಕೊಂಡದ್ದು ಜೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ. ಬಟ್ಲರ್ ಲ್ಯಾಂಪ್ಸನ್, ಚಾರ್ಲ್ಸ್ ಸಿಮೋನಿ ಮತ್ತು ಜೊತೆಯವರು 1974ರಲ್ಲಿ ಕಟ್ಟಿದ ‘ಬ್ರಾವೋ’ ಎಂಬ ಎಡಿಟರಿನೊಳಗೆ, ಅಂದರೆ ಬರೆದು ತಿದ್ದುವ ಸಾಫ್ಟ್‌ವೇರಿನೊಳಗೆ, ‘ಪೀಸ್ ಟೇಬಲ್’ ಎಂಬ ಉಪಾಯ ಇತ್ತು. ತುಂಡುಗಳ ಪಟ್ಟಿ. ಇದರ ಬಗ್ಗೆ ನಾನು ಸ್ವಲ್ಪ ಜಾಸ್ತಿಯೇ ಮಾತಾಡುತ್ತೇನೆ, ಸಹಿಸಿಕೊಳ್ಳಿ.

ಎರಡು ನೋಟ್‌ಬುಕ್, ಒಂದು ಚೀಟಿ ಇದೆ ಎಂದುಕೊಳ್ಳಿ. ಮೊದಲ ನೋಟ್‌ಬುಕ್ಕಿನಲ್ಲಿ ನೀವು ತೆರೆದ ಹಳೆಯ ಫೈಲು. ಅದನ್ನು ಯಾರೂ ಮುಟ್ಟುವ ಹಾಗಿಲ್ಲ. ಎರಡನೆಯದರಲ್ಲಿ ನೀವು ಹೊಸದಾಗಿ ಟೈಪ್ ಮಾಡಿದ್ದೆಲ್ಲ ಬರುತ್ತದೆ, ಕಾದಂಬರಿಯ ಯಾವ ಮೂಲೆಗೆ ಸೇರಿದ್ದೇ ಆಗಲಿ, ಒಂದರ ಹಿಂದೆ ಒಂದು, ಯಾವಾಗಲೂ ಕೊನೆಗೆ. ಚೀಟಿಯಲ್ಲಿ ಇರುವುದು ಬರೀ ಕ್ರಮ: ಮೊದಲ ಪುಸ್ತಕದಿಂದ ಇಷ್ಟು, ಎರಡನೆಯದರಿಂದ ಇಷ್ಟು, ಮತ್ತೆ ಮೊದಲನೆಯದರಲ್ಲಿ ಉಳಿದದ್ದು. ಪರದೆಯ ಮೇಲೆ ಕಾಣುವ ಕಾದಂಬರಿ, ಆ ಚೀಟಿ ಹಿಡಿದು ಓದಿದ್ದು. ಹಿಂದೆ ಸಿನಿಮಾ ಸಂಕಲನಕಾರರು ಮೂಲ ನೆಗೆಟಿವನ್ನು ಹಾಗೇ ಇಟ್ಟು, ಅದರ ಪ್ರತಿಯ ಮೇಲೆ ಕತ್ತರಿ ಆಡಿಸಿ ಕ್ರಮ ಗೊತ್ತುಮಾಡುತ್ತಿದ್ದರಲ್ಲ, ಹಾಗೆ. ಅಥವಾ ಗ್ರಂಥಾಲಯದ ಹಾಗೆ ಎನ್ನಿ. ಪುಸ್ತಕಗಳು ಕಪಾಟಿನಲ್ಲೇ ಇವೆ, ಓದಬೇಕಾದ ಕ್ರಮ ಮಾತ್ರ ನಿಮ್ಮ ಕೈಯ ಪಟ್ಟಿಯಲ್ಲಿದೆ.

ಇದರ ಮಜಾ ನೋಡಿ. ಇಪ್ಪತ್ತು ಪುಟದ ಅಧ್ಯಾಯವನ್ನು ಹಿಂದಕ್ಕೆ ಎಳೆದರೆ ಅಕ್ಷರ ಯಾವುದೂ ಓಡಾಡುವುದಿಲ್ಲ, ಚೀಟಿಯ ಸಾಲುಗಳು ಮೇಲೆ ಕೆಳಗೆ ಆಗುತ್ತವೆ. ಮಾಡಿದ್ದನ್ನು ರದ್ದು ಮಾಡುವ ‘ಅಂಡೂ’ ಒತ್ತಿದರೆ ಹಳೆಯ ಚೀಟಿ ವಾಪಸ್. ಅಳಿಸಿದರೆ? ಅಳಿಯುವುದೂ ಇಲ್ಲ, ಚೀಟಿಯಿಂದ ಆ ತುಂಡಿನ ಹೆಸರು ಬಿಟ್ಟುಹೋಗುತ್ತದೆ ಅಷ್ಟೇ.

ಸಿಮೋನಿ 1981ರಲ್ಲಿ ಮೈಕ್ರೋಸಾಫ್ಟ್ ಸೇರಿದರು. 1983ರಲ್ಲಿ ವರ್ಡ್ ಬಂತು, ಹೊಟ್ಟೆಯೊಳಗೆ ಇದೇ ಉಪಾಯ. ಹಳೆಯ ವರ್ಡ್‌ಗಳಲ್ಲಿ ‘ಫಾಸ್ಟ್ ಸೇವ್’ ಎಂಬ ಸೌಲಭ್ಯವಿತ್ತು. ಇಡೀ ಫೈಲನ್ನು ಮತ್ತೆ ಬರೆಯುವ ಬದಲು ಹೊಸ ತುಂಡುಗಳನ್ನೂ ಹೊಸ ಚೀಟಿಯನ್ನೂ ಕೊನೆಗೆ ಅಂಟಿಸಿಬಿಡುತ್ತಿತ್ತು. ಹಾಗಾಗಿ ಅಳಿಸಿದ ಮಾತುಗಳು ಫೈಲಿನೊಳಗೇ ಉಳಿಯುತ್ತಿದ್ದವು. ಗೊತ್ತಿದ್ದವರು ತೆಗೆದು ಓದಬಹುದಿತ್ತು! 2018ರಲ್ಲಿ, ಪ್ರೋಗ್ರಾಮ್ ಬರೆಯುವವರು ಬಳಸುವ ವಿಷುವಲ್ ಸ್ಟುಡಿಯೋ ಕೋಡ್ ಎಡಿಟರ್ ಕೂಡ ಈ ಉಪಾಯದ ಸುಧಾರಿತ ರೂಪಕ್ಕೆ ಬಂತು.

ಕಾದಂಬರಿಕಾರನಿಗೆ ಇದೆಲ್ಲ ಯಾಕೆ ಅಂತೀರಾ? ಕಥೆಯ ಕರಡು ಕೂಡ ಹೀಗೇ ಬೆಳೆಯುತ್ತದೆ ಅಲ್ವಾ. ಏಳನೆಯ ದೃಶ್ಯ ಮೊದಲು ಹೊಳೆಯುತ್ತದೆ, ಮೂರನೆಯದು ತಿಂಗಳಾದ ಮೇಲೆ. ಸಾವಿನ ಸುದ್ದಿ ಮೊದಲೇ ಬಂದರೆ ಚೆನ್ನ ಎಂದು ಆಮೇಲೆ ಅನಿಸುತ್ತದೆ. ತುಂಡುಗಳು ಬೇರೆ, ಕ್ರಮ ಬೇರೆ. ಒಂದೇ ಉದ್ದನೆಯ ಕಡತ ಇವೆರಡನ್ನೂ ಬೆಸೆದುಬಿಡುತ್ತದೆ. ಆಮೇಲೆ ಕಟ್ ಮಾಡಿ ಪೇಸ್ಟ್ ಮಾಡುವಾಗ ಕೈ ನಡುಗುತ್ತದೆ.

ಕೀತ್ ಬ್ಲೌಂಟ್ ಎಂಬುವರು ಕಾದಂಬರಿ ಬರೆಯಲು ಹೊರಟು, ತಕ್ಕ ಸಾಫ್ಟ್‌ವೇರ್ ಸಿಗದೆ, ತಾವೇ ಪ್ರೋಗ್ರಾಮಿಂಗ್ ಕಲಿತು 2007ರಲ್ಲಿ ‘ಸ್ಕ್ರಿವನರ್’ ಹೊರತಂದರು. ಅದರ ಪ್ರಾಜೆಕ್ಟ್ ಎಂದರೆ ಒಂದು ಫೋಲ್ಡರ್. ಒಳಗೆ ದೃಶ್ಯಕ್ಕೊಂದು, ಬೇರೆ ಆ್ಯಪ್‌ಗಳೂ ತೆರೆಯಬಲ್ಲ ಆರ್‌ಟಿಎಫ್ ಫೈಲು, ಜೊತೆಗೆ ಕ್ರಮ ಹೇಳುವ ಇನ್ನೊಂದು ಫೈಲು. ಪೀಸ್ ಟೇಬಲ್ಲೇ, ಬರಹಗಾರನ ಕಣ್ಣಿಗೆ ಕಾಣುವ ಅಳತೆಯಲ್ಲಿ. ನನಗೆ ಅದು ಇಷ್ಟವಾದದ್ದೇ ಇದಕ್ಕೆ. ಅದರ ನೂರೆಂಟು ಮೆನುಗಳು ಮಾತ್ರ ತಲೆನೋವು.

ಎರಡನೆಯ ಪ್ರಶ್ನೆ, ಹೊರಗೆ ಬರುವ ದಾರಿ. ಹಿಂದೊಮ್ಮೆ ಒಂದು ಚೆಂದದ ಆ್ಯಪ್‌ನಲ್ಲಿ ಆರು ಅಧ್ಯಾಯ ಬರೆದಿದ್ದೆ. ಕಂಪ್ಯೂಟರ್ ಬದಲಾಯಿತು. ಅಷ್ಟರಲ್ಲಿ ಆ ಆ್ಯಪ್ ನಿಂತುಹೋಗಿತ್ತು. ಅದರ ಫೈಲನ್ನು ಬೇರೆ ಯಾವುದೂ ತೆರೆಯಲಿಲ್ಲ. ಎರಡು ಅಧ್ಯಾಯ ನೆನಪಿನಿಂದ ಮತ್ತೆ ಬರೆದೆ, ಉಳಿದವು ಹೋದವು. ಈಗ ಯಾವುದೇ ಆ್ಯಪ್ ಹಾಕಿದರೂ ಮೊದಲು ಹತ್ತು ಸಾಲು ಸುಮ್ನೆ ಬರೆದು, ಅದನ್ನು ಹೊರಗೆ ತೆಗೆದು ನೋಡುತ್ತೇನೆ. ವರ್ಡ್‌ನ ಡಾಕ್ಸ್ ಫೈಲು ಈ ವಿಷಯದಲ್ಲಿ ಜನ ಹೆದರುವಷ್ಟು ಕೆಟ್ಟದ್ದಲ್ಲ. ಅದರ ಒಂದು ಪ್ರತಿ ಮಾಡಿ, ಹೆಸರಿನ ಕೊನೆಗೆ ಜಿಪ್ ಎಂದು ಬದಲಿಸಿ ತೆರೆದರೆ, ಒಳಗಿನ ಒಂದು ಎಕ್ಸ್‌ಎಂಎಲ್ ಫೈಲಿನಲ್ಲಿ ನಿಮ್ಮ ಮಾತುಗಳೆಲ್ಲ ಕಣ್ಣಿಗೇ ಕಾಣುತ್ತವೆ.

ಕನ್ನಡದಲ್ಲಿ ಬರೆಯುವವರು ಇನ್ನೊಂದನ್ನೂ ನೋಡಬೇಕು. ‘ಸ್ತ್ರೀ’ ಎಂದು ಟೈಪ್ ಮಾಡಿ ಬ್ಯಾಕ್‌ಸ್ಪೇಸ್ ಒತ್ತಿ. ಕಣ್ಣಿಗೆ ಒಂದೇ ಅಕ್ಷರ, ಕಂಪ್ಯೂಟರಿನಲ್ಲಿ ಅಕ್ಷರಗಳಿಗೆ ಸಂಖ್ಯೆ ಕೊಡುವ ಪದ್ಧತಿಯಾದ ಯೂನಿಕೋಡ್‌ನಲ್ಲಿ ಆರು ಸಂಕೇತ. ಕೆಲವು ಎಡಿಟರ್ ಒಂದೊಂದಾಗಿ ಬಿಡಿಸುತ್ತವೆ, ಕೆಲವು ಇಡಿಯಾಗಿ ನುಂಗುತ್ತವೆ. ಆಮೇಲೆ ‘ಸಾಫ್ಟ್‌ವೇರ್’ ಪದವನ್ನೇ ಹುಡುಕಿ. ‘ಟ್’ ಮತ್ತು ‘ವೇ’ ನಡುವೆ ಒತ್ತಕ್ಷರವಾಗದಂತೆ ತಡೆಯುವ, ಕಾಣದ ಸಂಕೇತ ಒಂದಿದೆ. ಒಂದು ಕಡೆ ಅದನ್ನು ಹಾಕಿ ಇನ್ನೊಂದು ಕಡೆ ಬಿಟ್ಟಿದ್ದರೆ, ಹುಡುಕಾಟಕ್ಕೆ ಅವು ಬೇರೆ ಬೇರೆ ಪದಗಳಾಗಿಬಿಡಬಹುದು. ಪಾತ್ರದ ಹೆಸರಿನಲ್ಲಿ ಹೀಗಾದರೆ ಕಷ್ಟ. ‘ಎಲ್ಲ ಕಡೆ ಬದಲಿಸು’ ಒತ್ತಿದ ಮೇಲೂ ನಾಯಕ ಹದಿನಾಲ್ಕನೆಯ ಅಧ್ಯಾಯದಲ್ಲಿ ಹಳೆಯ ಹೆಸರಲ್ಲೇ ಓಡಾಡುತ್ತಿರುತ್ತಾನೆ.

ನಾನು ಬಳಸುವುದು? ಸಾದಾ ಟೆಕ್ಸ್ಟ್ ಫೈಲು, ದೃಶ್ಯಕ್ಕೊಂದು. ಹೆಸರಿನ ಮೊದಲಿಗೆ 010, 020, 030 ಎಂಬ ಅಂಕಿ. ನಡುವೆ ಹೊಸ ದೃಶ್ಯ ಹೊಳೆದರೆ 015 ಎಂದು ಹೆಸರಿಡುತ್ತೇನೆ. ಉಳಿದವರನ್ನು ಎಬ್ಬಿಸದೆ ತನ್ನ ಜಾಗಕ್ಕೆ ಬಂದು ಕೂರುತ್ತದೆ.